ಕ್ಯೂಸೆಕ್ ಕಾಕಾ

ನಾರಾಯಣಪುರ ಎಡದಂಡೆ ಕಾಲುವೆಯ ಊರುಗಳಲ್ಲಿ ಹಣಮಪ್ಪನ ಗುಡಿ, ಒಂದು ಚಾದಂಗಡಿ ಇದ್ದ ಹಾಗೆ ಒಬ್ಬ ಕ್ಯೂಸೆಕ್ ಕಾಕಾ ಇದ್ದೇ ಇರುತ್ತಾರೆ. ನಾರಾಯಣಪುರದಲ್ಲಿ ಡ್ಯಾಮೇ ಇರುವುದರಿಂದ ಇಲ್ಲಿಯ ಕಾಕಾ ಉಳಿದವರಿಗಿಂತ ಸೇವಾ ಹಿರಿತನದಲ್ಲಿ ಮೇಲು. ಬಿಳಿ ಧೋತರ, ತಲೆಗೆ ರುಮಾಲು, ಅಂಗಿ ಜೇಬಿನಲ್ಲಿ ಜೇಬಿಗಿಂತ ದೊಡ್ಡ ಮೊಬೈಲು. ಅದರಲ್ಲಿ ಮೊಮ್ಮಕ್ಕಳ ಫೋಟೊ ಇರಲಿ ಬಿಡಲಿ, ಮೇಲಿನ ಆಲಮಟ್ಟಿ ಡ್ಯಾಮಿನ ಒಳಹರಿವು ಹೊರಹರಿವು ಇರಲೇಬೇಕು.

ಚಾ ಬಸಿಗೆ ಬೀಳುವ ಮೊದಲೇ ವರದಿ ಶುರು.

"ಮಹಾಬಳೇಶ್ವರದಾಗ ರಾತ್ರಿ ಹೊಡದದ. ಕೊಯ್ನಾ ತುಂಬಾಕ ಹತ್ತೇದ. ಗುರುವಾರ ಕೆನಾಲಿಗಿ ನೀರು ಖಾತ್ರಿ, ಬರಕೋರಿ!"

ಮಹಾಬಳೇಶ್ವರವನ್ನು ಕಾಕಾ ಕಂಡವರಲ್ಲ. ಆದರೆ 11,574 ಕ್ಯೂಸೆಕ್ ಒಂದು ದಿನ ಹರಿದರೆ ಒಂದು ಟಿಎಂಸಿ ಎಂಬ ಲೆಕ್ಕ ಬೆರಳ ತುದಿಯಲ್ಲಿ. ಅದೇ ಚಾದಂಗಡಿಯ ಉದ್ರಿ ಲೆಕ್ಕ ಮಾತ್ರ ಅವರಿಗೆ ಎಂದೂ ನೆನಪಿಗೆ ಬಂದಿಲ್ಲ.

ಗುರುವಾರ ಬರುತ್ತದೆ, ನೀರು ಬರುವುದಿಲ್ಲ. ನೀರಾವರಿ ಸಲಹಾ ಸಮಿತಿಯ ಸಭೆಯೇ ಮುಂದಕ್ಕೆ ಹೋಗಿರುತ್ತದೆ. ಹುಡುಗರು ಬಿಡುತ್ತಾರೆಯೇ?

"ಕಾಕಾ, ಏನಾತ್ರಿ ನಿಮ್ಮ ಖಾತ್ರಿ?"

"ತಮ್ಮಾ, ನನ್ನ ಲೆಕ್ಕ ಬರೋಬ್ಬರಿ ಅದ. ಮಳಿಗಿ ಲೆಕ್ಕ ಬರಂಗಿಲ್ಲ, ನಾ ಏನ್ ಮಾಡ್ಲಿ?"

ಪಾಪ, ಅವರದೂ ಸಣ್ಣ ಕೆಲಸವಲ್ಲ. ಅವರ ಅಪ್ಪ ಮೋಡ ಒಂದನ್ನು ನೋಡಿ ಕೂರಿಗೆ ಕಟ್ಟುತ್ತಿದ್ದರು. 1982ರಲ್ಲಿ ಡ್ಯಾಮ್ ಮುಗಿಯಿತು, ಬಸವಸಾಗರ ತುಂಬಿತು, ಇನ್ನು ಚಿಂತೆ ಇಲ್ಲ ಅಂದರು. ಆದದ್ದೇನೆಂದರೆ ಮೋಡ ಅಲ್ಲಿಯೇ ಉಳಿಯಿತು. ನೋಡಬೇಕಾದ ಜಾಗಗಳು ಹೆಚ್ಚಾದವು. ಈಗ ಮಹಾರಾಷ್ಟ್ರದ ಮಳೆ ನೋಡಬೇಕು, ಆಲಮಟ್ಟಿ ನೋಡಬೇಕು, ಸಮಿತಿ ನೋಡಬೇಕು, ಚಾಲು-ಬಂದ್ ಪಾಳಿ ನೋಡಬೇಕು, ಕಡೆಗೆ ಮೇಲಿನ ಹೊಲದವ ರಾತ್ರಿ ತೂಬಿಗೆ ಏನು ಮಾಡಿದ ಎಂದು ಟಾರ್ಚ್ ಹಿಡಿದು ನೋಡಬೇಕು. 2009 ಮತ್ತು 2019ರಲ್ಲಿ ಬೇಡವೆಂದರೂ ಬಿಡದೆ ಹೊಳೆ ಊರೊಳಗೆ ಬಂತು. 2023ರಲ್ಲಿ ಬರ. ಡ್ಯಾಮಿನ ಪೂರ್ಣ ಮಟ್ಟ 492.25 ಮೀಟರ್ ಎಂಬುದೊಂದೇ ಅಲುಗಾಡದ ಸಂಖ್ಯೆ. ನೀರು ಅಲ್ಲಿ ಮುಟ್ಟಿತೆಂದರೆ ಗೇಟು ಎತ್ತುತ್ತಾರೆ, ಕೆಳಗೆ ಛಾಯಾ ಭಗವತಿಯ ಗುಡಿಗೆ ಹೊಳೆ ಏರುತ್ತದೆ, ಕಾಕಾ ಇಲ್ಲಿಂದಲೇ ಕೈ ಮುಗಿಯುತ್ತಾರೆ.

ಕಾಕಾರ ಖಾತ್ರಿ ಗುರುವಾರದ ನೀರಿಗೇ ಮುಗಿಯುವುದಿಲ್ಲ. ಕೃಷ್ಣಾ ನೀರು ಹಂಚುವ ಎರಡನೇ ನ್ಯಾಯಮಂಡಳಿ 2010ರಲ್ಲಿ ತೀರ್ಪು ಕೊಟ್ಟಿತು. ಆಲಮಟ್ಟಿಯ ಮಟ್ಟ 519.60ರಿಂದ 524.256 ಮೀಟರಿಗೆ ಏರಲಿ ಎಂದಿತು. ಆ ವರ್ಷವೇ ಕಾಕಾ "ಮುಂದಿನ ವರ್ಷ ಖಾತ್ರಿ" ಅಂದಿದ್ದರು. ಅಂದಿನಿಂದ ಒಂದು ವರ್ಷವೂ ಮಾತು ಬದಲಿಸಿಲ್ಲ. ಇಷ್ಟು ನಿಷ್ಠೆ ನಮ್ಮ ರಾಜಕಾರಣಿಗಳಲ್ಲೂ ಅಪರೂಪ.

ಇಂಥ ಖಾತ್ರಿ ಮನುಷ್ಯನ ಹೊಲ ಹೇಗಿರಬೇಕು? ನೀರು ಬರುವುದೇ ಆದರೆ ಇದ್ದಷ್ಟೂ ಭತ್ತ ಇರಬೇಕಲ್ಲ? ಹೋಗಿ ನೋಡಿ. ಕೆನಾಲ್ ಬದಿಯ ತಗ್ಗಿನಲ್ಲಿ ಭತ್ತ. ಭತ್ತ ಹಾಕಬೇಡಿ, ಲಘು ಬೆಳೆ ಹಾಕಿ ಎಂದು ನೀರಾವರಿ ಇಲಾಖೆ ಹೇಳುತ್ತಲೇ ಇರುತ್ತದೆ, ಕಾಕಾ ಅರ್ಧ ಕೇಳಿದ್ದಾರೆ. ಅದರ ಮೇಲೆ ಹತ್ತಿ. ದಿಣ್ಣೆಗೆ ತೊಗರಿ. ಮೂಲೆಗೆ ಮೆಣಸಿನಕಾಯಿ. ಬದುವಿನುದ್ದಕ್ಕೂ ಸಜ್ಜೆ. ನೀರು ನಿಂತರೆ ತೊಗರಿ ಕೊಳೆಯುತ್ತದೆ, ಭತ್ತ ಉಳಿಯುತ್ತದೆ. ಕೆನಾಲ್ ಕೈಕೊಟ್ಟರೆ ಭತ್ತ ಒಣಗುತ್ತದೆ, ತೊಗರಿ ಉಳಿಯುತ್ತದೆ. ಎರಡೂ ಹೋದರೆ ರೊಟ್ಟಿಗೆ ಸಜ್ಜೆಯಾದರೂ ಉಂಟು. ಚಾದಂಗಡಿಯಲ್ಲಿ ಹಳ್ಳ ಹಿಡಿದ ಲೆಕ್ಕವನ್ನೆಲ್ಲ ಕಾಕಾ ಹೊಲದಲ್ಲಿ ಸರಿಪಡಿಸಿದ್ದಾರೆ.

ಕಾಕಿಗೆ ಇದು ಮದುವೆಯಾದ ವರ್ಷವೇ ತಿಳಿದಿದೆ. "ಅಷ್ಟು ಖಾತ್ರಿ ಇದ್ದಂವಾ ಐದು ಥರದ ಬೀಜ ಯಾಕ ತರ್ತಾನ?" ಎಂದು ರೊಟ್ಟಿ ಬಡಿಯುತ್ತಲೇ ಕೇಳುತ್ತಾರೆ. ಕಾಕಾ ಮೊಬೈಲಿನಿಂದ ತಲೆ ಎತ್ತುವುದಿಲ್ಲ: "ಅದು ಬ್ಯಾರೆ ಮಾತು."

ನೀವು ಈ ಕಡೆಯ ರೈತರಾಗಿದ್ದರೆ ಒಂದು ಮಾತು. ಮುಂಗಾರಿಗೆ ಮುಂಚೆ ಚಾದಂಗಡಿಗೆ ಹೋಗಿ ಕಾಕಾರ ಭವಿಷ್ಯ ಅವಶ್ಯ ಕೇಳಿ, ಚಾದ ರೊಕ್ಕ ನೀವೇ ಕೊಡಿ. ಬೀಜ ಕೊಳ್ಳುವುದು ಮಾತ್ರ ಅವರ ಹೊಲ ನೋಡಿಬಂದ ಮೇಲೆ.