ಮೂವತ್ತಾರು ಗ್ರೌಂಡಿಗೆ ಎಷ್ಟು ಕುದುರೆ?

ಚೆನ್ನೈನಲ್ಲಿ ನೆಲ ಅಳೆಯುವುದು ಗ್ರೌಂಡಿನಲ್ಲಿ. 2,400 ಚದರಡಿಗೆ ಒಂದು ಗ್ರೌಂಡ್. ಮಾಂಬಳದಲ್ಲಿ ಅರ್ಧ ಗ್ರೌಂಡ್ ಇದ್ದವನು ಸ್ಥಿತಿವಂತ. ಎರಡು ಗ್ರೌಂಡ್ ಇದ್ದರೆ ಅಣ್ಣತಮ್ಮಂದಿರು ಮಾತು ಬಿಟ್ಟು ಕೋರ್ಟಿನಲ್ಲಷ್ಟೇ ಭೇಟಿಯಾಗುತ್ತಿರುತ್ತಾರೆ. ನಮ್ಮ ಭಾವ ನಿವೃತ್ತಿಯ ದುಡ್ಡಿನಲ್ಲಿ ಮಧುರಾಂತಕದ ಆಚೆ ಕೊಂಡ ಎರಡು ಎಕರೆ ಈ ಲೆಕ್ಕದಲ್ಲಿ ಮೂವತ್ತಾರು ಗ್ರೌಂಡ್ ಆಗುತ್ತದೆ. ಟಿ. ನಗರದಲ್ಲಿ ಕನ್ನಡದವರು ಸೇರಿದಾಗಲೆಲ್ಲ ಭಾವ ಹೇಳುವುದು ಈ ಅಳತೆಯನ್ನೇ. ತಿಪಟೂರಿನ ಅಣ್ಣನಿಗೆ ಫೋನ್ ಮಾಡಿದಾಗ ಅದೇ ಜಮೀನು ಎಂಬತ್ತು ಗುಂಟೆ. ದಲ್ಲಾಳಿ ಬಾಯಲ್ಲಿ ಇನ್ನೂರು ಸೆಂಟ್. ದೇವಸ್ಥಾನದ ಚಂದಾದವರು ಬಂದಾಗ ಮಾತ್ರ "ಏನೋ ಒಂದಿಷ್ಟು ಜಾಗ."

ಎಕರೆಯಲ್ಲಿ ಹೇಳಿದ್ದರೆ ಟ್ರಾಕ್ಟರಿನ ಯೋಚನೆಯೇ ಬರುತ್ತಿರಲಿಲ್ಲವೇನೋ. ಮೂವತ್ತಾರು ಅಂದಾಗ ಯಾರಿಗಾದರೂ ಒಂದು ಯಂತ್ರ ಬೇಕೆನಿಸುತ್ತದೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಭಾವ ಬ್ಯಾಂಕಿನಲ್ಲಿದ್ದವರು. ಅದರಲ್ಲೂ ಬಹುಕಾಲ ಹಳ್ಳಿಯ ಶಾಖೆಗಳಲ್ಲಿ ಕೂತು ಕೃಷಿಸಾಲ ಕೊಟ್ಟವರು. ಕೊಟ್ಟದ್ದಕ್ಕಿಂತ ಕೊಡದೇ ಕಳಿಸಿದ್ದೇ ಹೆಚ್ಚು ಎಂದು ಅಕ್ಕನ ಆರೋಪ. ಟ್ರಾಕ್ಟರ್ ಸಾಲಕ್ಕೆ ಬ್ಯಾಂಕುಗಳದ್ದೊಂದು ಹಳೆಯ ಮಾನದಂಡವಿದೆ. ಯಂತ್ರಕ್ಕೆ ವರ್ಷಕ್ಕೆ 1,000 ಗಂಟೆಯಾದರೂ ಕೆಲಸ ಇರಬೇಕು, ಅಷ್ಟು ಕೆಲಸ ಹುಟ್ಟುವಷ್ಟು ನೀರಾವರಿ ಜಮೀನಿರಬೇಕು. ತಲೆಗೆ ಟವೆಲ್ ಸುತ್ತಿಕೊಂಡು ಬಂದ ಎಷ್ಟೋ ರೈತರನ್ನು ಭಾವ ಕನ್ನಡಕದ ಮೇಲಿಂದ ನೋಡಿ, "ಜಮೀನೆಷ್ಟು? ಅದಕ್ಕೆ ಟ್ರಾಕ್ಟರ್ ಯಾಕೆ? ಜೋಡೆತ್ತು ಸಾಲದಾ?" ಎಂದು ಕೇಳಿ ವಾಪಸು ಕಳಿಸಿದ್ದಾರೆ. ಆ ಪ್ರಶ್ನೆಗಳನ್ನೆಲ್ಲ ಈಗ ಅಕ್ಕ ಕೇಳುತ್ತಾಳೆ. ಟವೆಲ್ ಸುತ್ತಿಕೊಂಡವರು ಭಾವ.

ನನ್ನನ್ನು ಸಲಹೆಗೆ ಕರೆದದ್ದು ಯಾಕೆಂದು ಗೊತ್ತಿಲ್ಲ. ಜೊತೆಗೊಬ್ಬ ಇದ್ದರೆ ಅಂಗಡಿಯವರು ಕುರ್ಚಿ ಹಾಕುತ್ತಾರೆ ಎನ್ನುವುದು ಭಾವನ ಅನುಭವ.

ಟ್ರಾಕ್ಟರ್ ಆಸೆ ಹತ್ತಿದವನಿಗೆ ಚೆನ್ನೈ ಒಳ್ಳೆಯ ಊರಲ್ಲ. ಅದನ್ನು ಮರೆಯಲು ಬಿಡುವುದಿಲ್ಲ. ಮೌಂಟ್ ರೋಡಿನ ಸಿಂಪ್ಸನ್ ಕಂಪನಿ 1840ರಲ್ಲಿ ಕುದುರೆಗಾಡಿ ಕಟ್ಟುವ ಅಂಗಡಿಯಾಗಿ ಶುರುವಾದದ್ದು. 1903ರಲ್ಲಿ ಅಲ್ಲಿನ ಸ್ಯಾಮ್ಯುಯೆಲ್ ಜಾನ್ ಗ್ರೀನ್ ಎಂಬಾತ ಹಬೆಯ ಕಾರೊಂದನ್ನು ಕಟ್ಟಿ ಮದರಾಸಿನ ಬೀದಿಯಲ್ಲಿ ಓಡಿಸಿದ. ಆ ಬಳಗದಿಂದಲೇ 1960ರಲ್ಲಿ ಹುಟ್ಟಿದ್ದು ಟಾಫೆ, ಅಂದರೆ ನಮ್ಮೂರ ರಸ್ತೆಗಳಲ್ಲೆಲ್ಲ ಕೆಂಪಗೆ ಓಡಾಡುವ ಮ್ಯಾಸಿ ಫರ್ಗ್ಯುಸನ್. ಕಾರ್ಖಾನೆ ಇರುವುದು ಸೆಂಬಿಯಂನಲ್ಲಿ. ಪಡೂರಿನ ಹತ್ತಿರ ಅವರದೇ ಪ್ರಯೋಗದ ತೋಟವಿದೆ. ಸುತ್ತ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡ ಎದ್ದಿದ್ದರೂ ಅಲ್ಲಿ ಇನ್ನೂ ಉಳುತ್ತಾರೆ. ಜಪಾನಿನ ಕುಬೋಟಾ ಕೂಡ 2008ರಲ್ಲಿ ಭಾರತದ ಕಂಪನಿ ತೆರೆದದ್ದು ಇದೇ ಊರಿನಲ್ಲಿ.

ಭಾವನಿಗೆ ಮಾತ್ರ ಮೊದಲು ನಾಡಭಕ್ತಿ ಉಕ್ಕಿತು. "ನಮ್ಮ ಬೆಂಗಳೂರಿನ ವಿಎಸ್‌ಟಿ ಇರುವಾಗ ಚೆನ್ನೈ ಕಂಪನಿ ಯಾಕೋ?" ಎಂದರು. ಮಲೆನಾಡಿನ ಅಡಿಕೆ ತೋಟದವರಿಗೆ ವಿಎಸ್‌ಟಿ ಅಂದರೆ ಟಿಲ್ಲರ್, ಟಿಲ್ಲರ್ ಅಂದರೆ ವಿಎಸ್‌ಟಿ. 1967ರಿಂದ, ಮಿತ್ಸುಬಿಷಿಯ ಜೊತೆ ಸೇರಿ ಶುರುಮಾಡಿದ ಕಾಲದಿಂದ, ಹಾಗೆ. ವಿಚಾರಿಸಿದರೆ ಬೆಂಗಳೂರಿನ ಈ ಕಂಪನಿ ಟ್ರಾಕ್ಟರ್ ತಯಾರಿಸುವುದು ಹೊಸೂರಿನಲ್ಲಿ, ತಮಿಳುನಾಡಿನ ಗಡಿಯೊಳಗೆ. ಚೆನ್ನೈನ ಟಾಫೆಯವರ ಒಂದು ಕಾರ್ಖಾನೆ ಇರುವುದು ನಮ್ಮ ದೊಡ್ಡಬಳ್ಳಾಪುರದಲ್ಲಿ. ಕಾವೇರಿ ನೀರಿಗೆ ಇಷ್ಟು ವರ್ಷ ಕಿತ್ತಾಡಿದ ಎರಡು ರಾಜ್ಯಗಳು ಟ್ರಾಕ್ಟರುಗಳನ್ನು ಸದ್ದಿಲ್ಲದೆ ಅದಲುಬದಲು ಮಾಡಿಕೊಂಡು ಕೂತಿವೆ. ನಾಡಭಕ್ತಿಯಿಂದ ಈ ಖರೀದಿ ಇತ್ಯರ್ಥವಾಗುವುದಿಲ್ಲ ಎಂದಾಯಿತು.

ಇನ್ನು ಉಳಿದದ್ದು ಕುದುರೆಗಳ ಲೆಕ್ಕ. ಅಂಗಡಿಗೆ ಹೋಗಿ "ಚಿಕ್ಕ ಟ್ರಾಕ್ಟರ್ ತೋರಿಸಿ" ಎಂದರೆ ಮಾರುವವರು ಒಂದು ಕ್ಷಣ ನಿಮ್ಮ ಮುಖ ನೋಡುತ್ತಾರೆ. ಆಮೇಲೆ 36 ಎಚ್‌ಪಿಯ ಹತ್ತಿರ ಕರೆದೊಯ್ಯುತ್ತಾರೆ. "ಸಾರ್, ನಾಳೆ ಟ್ರೇಲರ್ ಹಾಕಬೇಕಾದರೆ?" ಎನ್ನುತ್ತಾರೆ. ಭಾವನಿಗೆ ಟ್ರೇಲರಿನಲ್ಲಿ ಸಾಗಿಸಲು ಏನೂ ಇಲ್ಲ. ಆದರೂ "ನಾಳೆ" ಎಂಬ ಮಾತಿಗೆ ಅವರು ಕರಗಿದ್ದನ್ನು ಕಂಡೆ. ಸಾಲ ಕೇಳಲು ಬಂದವರೂ ಅವರಿಗೆ ಇದನ್ನೇ ಹೇಳಿರಬೇಕು.

ಅಮೆರಿಕದಲ್ಲಿ ಇಪ್ಪತ್ತೈದು ಎಚ್‌ಪಿಯೊಳಗಿನ ಗಿಡ್ಡ ಟ್ರಾಕ್ಟರುಗಳದ್ದೇ ಒಂದು ಪಂಗಡ ಇದೆ. ಕುಬೋಟಾದ ಬಿಎಕ್ಸ್, ಜಾನ್ ಡಿಯರ್‌ನ 1025ಆರ್, ಇಂಥವು. ಅಲ್ಲಿನ ಗೃಹಸ್ಥರು ಅದರ ಹೊಟ್ಟೆಯ ಕೆಳಗೆ ಹುಲ್ಲು ಕತ್ತರಿಸುವ ಯಂತ್ರ ಕಟ್ಟಿ ಮನೆಯ ಸುತ್ತ ಓಡಾಡುತ್ತಾರೆ, ಮುಂದಿನ ಬಕೆಟ್ಟಿನಲ್ಲಿ ಮಣ್ಣು ಎತ್ತುತ್ತಾರೆ, ಚಳಿಗಾಲದಲ್ಲಿ ಹಿಮ ತಳ್ಳುತ್ತಾರೆ. ನಮ್ಮಲ್ಲಿ ಇಪ್ಪತ್ತನಾಲ್ಕು ಎಚ್‌ಪಿಗೆ ಹುಲ್ಲುಹಾಸಿನ ಭಾಗ್ಯವಿಲ್ಲ. ಅದು ಉಳಬೇಕು, ಇಟ್ಟಿಗೆ ಹೊರಬೇಕು, ಗಣಪತಿಯನ್ನು ಕೆರೆಗೆ ಬಿಟ್ಟು ಬರಬೇಕು, ಜೊತೆಗೆ ಮಡ್‌ಗಾರ್ಡಿನ ಮೇಲೆ ಕೂತ ಇಬ್ಬರನ್ನು ಬಸ್‌ಸ್ಟಾಪಿಗೆ ಇಳಿಸಬೇಕು.

ಚಿಕ್ಕದೆಂದು ಮೂಗು ಮುರಿಯುವವರಿಗೆ ಹ್ಯಾರಿ ಫರ್ಗ್ಯುಸನ್ನನ ಕಥೆ ಹೇಳಬೇಕು. ಐರ್ಲೆಂಡಿನ ಈ ಮನುಷ್ಯನ ಕಾಲದಲ್ಲಿ ಟ್ರಾಕ್ಟರ್ ಭಾರವಾಗಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ಇತ್ತು. ಸರಪಳಿಗೆ ಕಟ್ಟಿ ಎಳೆಯುವ ನೇಗಿಲು ಬಂಡೆಗೆ ಸಿಕ್ಕಿಕೊಂಡರೆ ಟ್ರಾಕ್ಟರಿನ ಮೂತಿ ಮೇಲೆದ್ದು, ಓಡಿಸುವವನ ಮೇಲೆಯೇ ಮಗುಚುತ್ತಿತ್ತು. ಫರ್ಗ್ಯುಸನ್ ನೇಗಿಲನ್ನು ಮೂರು ಕಡೆ ಟ್ರಾಕ್ಟರಿಗೇ ಬಿಗಿದ: ಕೆಳಗೆರಡು ತೋಳು, ಮೇಲೊಂದು. ಈಗ ನೇಗಿಲು ನೆಲ ಕಚ್ಚಿದಾಗ ಆ ಎಳೆತವೇ ಮೇಲಿನ ತೋಳಿನ ಮೂಲಕ ಮೂತಿಯನ್ನು ಕೆಳಗೆ ಒತ್ತುತ್ತದೆ, ಹಿಂದಿನ ಗಾಲಿಗಳು ನೆಲಕ್ಕೆ ಅಂಟುತ್ತವೆ. ಹೈಡ್ರಾಲಿಕ್ ತಾನಾಗಿ ಆಳ ನೋಡಿಕೊಳ್ಳುತ್ತದೆ. ಕಬ್ಬಿಣದ ಭಾರ ಮಾಡಬೇಕಾದ ಕೆಲಸವನ್ನು ಜೋಡಣೆಯ ಜಾಣತನ ಮಾಡಿತು. 1926ರ ಪೇಟೆಂಟ್ ಅದು. ಇಂದಿಗೂ ಯಾವ ಕಂಪನಿಯ ಟ್ರಾಕ್ಟರಿನ ಹಿಂದೆ ಬಗ್ಗಿ ನೋಡಿದರೂ ಆ ಮೂರು ತೋಳು ಕಾಣುತ್ತವೆ. 1946ರಿಂದ ಹತ್ತು ವರ್ಷ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ತಯಾರಾದ ಅವನ ಬೂದುಬಣ್ಣದ ಟಿಇ-20ರ ಶಕ್ತಿ ಇಪ್ಪತ್ತರಿಂದ ಇಪ್ಪತ್ತೆಂಟು ಕುದುರೆಯಷ್ಟೇ. ಎವರೆಸ್ಟ್ ಏರಿದ ಹಿಲರಿ 1958ರ ಜನವರಿ 4ರಂದು ದಕ್ಷಿಣ ಧ್ರುವ ತಲುಪಿದ್ದು ಇಂಥ ಟ್ರಾಕ್ಟರುಗಳಲ್ಲಿ. ಧ್ರುವಕ್ಕೆ ಸಾಕಾದದ್ದು ಮಧುರಾಂತಕಕ್ಕೆ ಸಾಲದೇ ಎಂದು ನಾನು ಕೇಳಿದೆ. "ಹಿಲರಿಗೆ ಮಾವಿನ ಮರ ಅಡ್ಡ ಬಂದಿರಲಿಲ್ಲ," ಎಂದರು ಭಾವ. ಇದು ಮಾತ್ರ ನಿಜ.

ಅವರ ಜಮೀನಿನಲ್ಲಿ ಅರ್ಧ ತೆಂಗು, ಅರ್ಧ ಮಾವು. ತೆಂಗು ಇಪ್ಪತ್ತೈದು ಅಡಿಗೊಂದು. ಬುಡದಿಂದ ಐದಾರು ಅಡಿಯೊಳಗೆ ಆಹಾರ ಹೀರುವ ಬೇರುಗಳಿರುತ್ತವೆ, ಅಲ್ಲಿ ಉಳುವ ಹಾಗಿಲ್ಲ. ಆ ಜಾಗ ಬಿಟ್ಟರೂ ನಡುವೆ ಬೇಕಾದಷ್ಟು ದಾರಿ ಉಳಿಯುತ್ತದೆ. ಮಾವಿನದು ಬೇರೆ ಕಥೆ. ಹಿಂದಿನ ಮಾಲೀಕರು ಕೊಂಬೆ ಸವರಿದವರಲ್ಲ. ದೊಡ್ಡ ಟ್ರಾಕ್ಟರಿನ ನೆಟ್ಟಗೆ ನಿಂತ ಸೈಲೆನ್ಸರು ಮೊದಲು ಕೊಂಬೆಗೆ ತಗಲುತ್ತದೆ, ನಂತರ ಓಡಿಸುವವನ ಹಣೆ. ಹಾಗಾಗಿ ಬೇಕಾದ್ದು ಎತ್ತರ ಕಡಿಮೆಯಿರುವ, ಹೊಗೆ ಕೊಳವೆ ಪಕ್ಕಕ್ಕೆ ಬಾಗಿದ, ಬೇಲಿಯ ಹತ್ತಿರ ಒಂದೇ ಸಲಕ್ಕೆ ತಿರುಗುವ ತೋಟದ ಮಾದರಿ. ಕುಬೋಟಾದ 21 ಎಚ್‌ಪಿಯ ನಿಯೋಸ್ಟಾರ್ ಹಾಗಿದೆ, ಅಗಲ ಹೆಚ್ಚುಕಡಿಮೆ ಒಂದು ಮೀಟರ್. ನಾಸಿಕ್‌ನ ದ್ರಾಕ್ಷಿ ತೋಟಗಳಲ್ಲಿ ಅದಕ್ಕೆ ಹೆಸರು. ಮಹೀಂದ್ರದ 24 ಎಚ್‌ಪಿಯ ಜೀವೋ ಇದೆ. ವಿಎಸ್‌ಟಿಯ ಹದಿನೆಂಟೂವರೆ ಇದೆ. ಟಾಫೆಯಲ್ಲೂ ಚಿಕ್ಕವಿವೆ. 11 ಎಚ್‌ಪಿಯ ಸ್ವರಾಜ್ ಕೋಡ್ ಎಂಬ ಪೆಟ್ರೋಲ್ ಮರಿಯೂ 2021ರಲ್ಲಿ ಬಂತು. ಅದನ್ನು ಭಾವ ಕತ್ತು ಬಗ್ಗಿಸಿ ನೋಡಿ ಮುಂದಕ್ಕೆ ನಡೆದರು. ಮೇಲೆ ಕೂತರೆ ಕೆಳಗಿದ್ದವರಿಗಿಂತ ಎತ್ತರ ಕಾಣಬೇಕಲ್ಲ.

ನನಗೆ ಇವುಗಳಲ್ಲಿ ಕುತೂಹಲ ಹುಟ್ಟಿಸಿದ್ದು ಸದ್ದು. 15 ಎಚ್‌ಪಿಯ ಯುವರಾಜ್, ಸ್ವರಾಜ್ 717 ಒಂದೇ ಸಿಲಿಂಡರಿನವು. ಚಾಲೂ ಮಾಡಿದರೆ ಹಳೆಯ ಹಿಟ್ಟಿನ ಗಿರಣಿಯ ಹಾಗೆ ಡಗಡಗ ಎಂದು ಸೀಟಿನ ಸಮೇತ ನಿಮ್ಮನ್ನೂ ಕುಣಿಸುತ್ತವೆ. ಡೀಸೆಲ್ ಕಡಿಮೆ ಕುಡಿಯುತ್ತವೆ, ಯಾವ ಹಳ್ಳಿಯ ಮೆಕ್ಯಾನಿಕ್ ಬೇಕಾದರೂ ಬಿಚ್ಚಿ ಕಟ್ಟುತ್ತಾನೆ. ಮೂರು ಸಿಲಿಂಡರಿನ ಜಪಾನಿ ಎಂಜಿನ್ನು ಮೆಲ್ಲಗೆ ಗುನುಗುತ್ತದೆ, ಆದರೆ ಬಿಡಿಭಾಗ ಬೇಕಾದಾಗ ಡೀಲರು ಎಲ್ಲಿದ್ದಾನೆ ಎಂದು ಮೊದಲೇ ನೋಡಿಕೊಳ್ಳಬೇಕು. ನನ್ನ ಪ್ರಕಾರ ಕುದುರೆ ಎಣಿಸುವ ಮುಂಚೆ ಡೀಲರಿನ ದೂರ ಅಳೆಯುವುದೇ ಸರಿ. ಭಾವ ಇದನ್ನು ಬರೆದುಕೊಂಡರು, ಒಪ್ಪಿದರೋ ಗೊತ್ತಿಲ್ಲ.

ನಾಲ್ಕು ಗಾಲಿಗೂ ಎಳೆತ ಬೇಕೇ ಎಂಬುದನ್ನು ತೀರ್ಮಾನಿಸಿದ್ದು ಮಧುರಾಂತಕದ ದೇವರು. ಅಲ್ಲಿನ ರಾಮನಿಗೆ 'ಏರಿ ಕಾತ್ತ ರಾಮರ್' ಎಂದು ಹೆಸರು, ಕೆರೆ ಕಾಯ್ದ ರಾಮ. ಕುಂಪಣಿಯ ಕಾಲದಲ್ಲಿ ಕಲೆಕ್ಟರಾಗಿದ್ದ ಲಯೊನೆಲ್ ಪ್ಲೇಸ್ ಎಂಬವನಿಗೆ, ಕೆರೆ ಏರಿ ಒಡೆಯುವ ಹಾಗಿದ್ದ ಮಳೆರಾತ್ರಿಯಲ್ಲಿ ಬಿಲ್ಲು ಹಿಡಿದ ಇಬ್ಬರು ಏರಿಯ ಮೇಲೆ ಕಾವಲು ನಿಂತದ್ದು ಕಂಡಿತೆಂದು ಐತಿಹ್ಯ. ದೇವರೇ ಬಂದು ಏರಿ ಹಿಡಿದುಕೊಳ್ಳಬೇಕಾದಷ್ಟು ಮಳೆ ಬೀಳುವ ಸೀಮೆ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಕೆರೆಯ ಕೆಳಗಿನ ಜೇಡಿ ಮಣ್ಣಿನಲ್ಲಿ ಹಿಂದಿನ ಎರಡೇ ಗಾಲಿಗಳ ಟ್ರಾಕ್ಟರ್ ಕೂತಲ್ಲೇ ಕೂರುತ್ತದೆ. ನಾಲ್ಕು ಗಾಲಿಯದೇ ಆಗಲಿ ಎಂದಾಯಿತು.

ಇಷ್ಟರಲ್ಲಿ ತೋಟ ನೋಡಿಕೊಳ್ಳುವ ಪೆರಿಯವರನ್ನು ಯಾರೂ ಕೇಳಿರಲಿಲ್ಲ. ಅವರು ಕೇಳದೆಯೇ ಹೇಳಿದರು. ಮೊದಲನೆಯದಾಗಿ, ಬೇಲಿಯುದ್ದಕ್ಕೂ ಸೀಮೈ ಕರುವೇಲಂ, ಅಂದರೆ ನಮ್ಮ ಬಳ್ಳಾರಿ ಜಾಲಿ. ಅದರ ಮುಳ್ಳಿಗೆ ಸೈಕಲ್ಲೂ ಟ್ರಾಕ್ಟರೂ ಒಂದೇ. ಮುಂದಿನ ಸಣ್ಣ ಟೈರು ಮೊದಲ ದಿನವೇ ಪಂಕ್ಚರ್ ಆಗುತ್ತದೆ. ಎರಡನೆಯದಾಗಿ, ರೋಟಾವೇಟರ್. ಭಾವನ ಕನಸಿನಲ್ಲಿ ನಾಲ್ಕಡಿಯ ರೋಟಾವೇಟರ್ ನೆಲವನ್ನು ಹುಡಿಹುಡಿ ಮಾಡುತ್ತಿತ್ತು. ಪೆರಿಯವರು ಬಗ್ಗಿ ಒಂದು ಹುಲ್ಲು ಕಿತ್ತು ತೋರಿಸಿದರು. ಕೊನ್ನಾರಿ. ನೆಲದೊಳಗೆ ದಾರದಲ್ಲಿ ಪೋಣಿಸಿದಂತೆ ಗಡ್ಡೆ. ರೋಟಾವೇಟರಿನ ಬ್ಲೇಡು ಆ ಸರವನ್ನು ತುಂಡರಿಸಿ ತೋಟವಿಡೀ ಚೆಲ್ಲುತ್ತದೆ, ಒಂದೊಂದು ಗಡ್ಡೆಯೂ ಚಿಗುರುತ್ತದೆ. ದುಡ್ಡು ಕೊಟ್ಟು ಕಳೆ ಬಿತ್ತಿದ ಹಾಗೆಯೇ ಸರಿ. ಹುಲ್ಲು ಸವರುವ ಸ್ಲ್ಯಾಷರ್ ಸಾಕು ಎಂದರು. "ಇಲ್ಲೇನ್ನಾ ವಾಡಗೈಕ್ಕು ಎಡುಂಗೊ ಸಾರ್," ಇಲ್ಲವಾದರೆ ಬಾಡಿಗೆಗೆ ತನ್ನಿ ಎಂದೂ ಸೇರಿಸಿದರು.

ಬಾಡಿಗೆಯ ಮಾತು ಭಾವನಿಗೆ ಗೊತ್ತಿಲ್ಲದ್ದಲ್ಲ. ತಮಿಳುನಾಡಿನ ಕೃಷಿ ಎಂಜಿನಿಯರಿಂಗ್ ಇಲಾಖೆ 'ಇ-ವಾಡಗೈ' ಎಂಬ ಮೊಬೈಲ್ ಆ್ಯಪಿನಲ್ಲಿ ಗಂಟೆ ಲೆಕ್ಕದಲ್ಲಿ ಟ್ರಾಕ್ಟರ್ ಕೊಡುತ್ತದೆ. ಊರಲ್ಲಿ ಸ್ವಂತ ಟ್ರಾಕ್ಟರ್ ಇರುವವರೂ ಬಂದು ಉತ್ತುಕೊಡುತ್ತಾರೆ. ಆದರೆ ಮೊದಲ ಮಳೆ ಬಿದ್ದ ದಿನ ಎಲ್ಲರಿಗೂ ಅದೇ ದಿನ ಬೇಕು. ಮೂವತ್ತಾರು ಗ್ರೌಂಡಿನ ಧಣಿ ಸರದಿಯಲ್ಲಿ ನಿಲ್ಲುವುದೆಂದರೇನು?

ಕೊನೆಗೆ ಹಳೆಯ ಮ್ಯಾನೇಜರರೇ ಕಾಗದ ಪೆನ್ನು ತೆಗೆದುಕೊಂಡು ಕೂತರು. ನಾಲ್ಕಡಿ ಅಗಲ, ಗಂಟೆಗೆ ಮೂರು ಕಿಲೋಮೀಟರ್ ನಡಿಗೆ, ತಿರುವುಗಳಲ್ಲಿ ಹೋಗುವ ಸಮಯ ಕಳೆದು ಗಂಟೆಗೆ ಅರ್ಧ ಎಕರೆಯ ಮೇಲೆ ಸ್ವಲ್ಪ. ಎರಡು ಎಕರೆಗೆ ಮೂರು, ಮೂರೂವರೆ ಗಂಟೆ. ವರ್ಷಕ್ಕೆ ನಾಲ್ಕು ಸಲ. ಧಾರಾಳವಾಗಿ ಹಿಡಿದರೂ ಹದಿನಾಲ್ಕು ಗಂಟೆ. ಬ್ಯಾಂಕಿನ ಮಾನದಂಡದ ಪಕ್ಕದಲ್ಲಿ ಅದನ್ನು ಬರೆದು ಅವರು ಸ್ವಲ್ಪ ಹೊತ್ತು ಎರಡೂ ಅಂಕಿಗಳನ್ನು ನೋಡಿದರು. ಐದು ಲಕ್ಷದ ಯಂತ್ರ. ಆ ದುಡ್ಡು ಠೇವಣಿಯಲ್ಲಿದ್ದರೆ ಬರುವ ಬಡ್ಡಿಯಲ್ಲೇ ಬಾಡಿಗೆ ಕೊಟ್ಟು ಪೆರಿಯವರಿಗೆ ದೀಪಾವಳಿಗೆ ಪಂಚೆಯನ್ನೂ ಕೊಡಿಸಬಹುದು. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಹನ್ನೆರಡರಿಂದ ಐದಕ್ಕೆ ಇಳಿದದ್ದನ್ನು ಸೇರಿಸಿದರೂ ಲೆಕ್ಕ ಅಲ್ಲಾಡಲಿಲ್ಲ. ಉಳಿದ ದಿನ ಅದು ನಿಂತೇ ಇರಬೇಕು. ಬ್ಯಾಟರಿ ಇಳಿಯುತ್ತದೆ, ಇಲಿ ವೈರು ಕಡಿಯುತ್ತದೆ.

"ಈ ಅರ್ಜಿ ನನ್ನ ಮುಂದೆ ಬಂದಿದ್ದರೆ ಖಂಡಿತ ತಿರಸ್ಕರಿಸ್ತಿದ್ದೆ ಕಣೋ," ಎಂದರು ಭಾವ.

ಅಕ್ಕ ಅಡುಗೆಮನೆಯಿಂದಲೇ, "ಅಬ್ಬ, ಸದ್ಯ," ಎಂದಳು.

"ಆದರೆ ತಪ್ಪು ಟ್ರಾಕ್ಟರಿನದ್ದಲ್ಲ," ಭಾವ ಮುಂದುವರಿಸಿದರು, "ಜಮೀನು ಕಡಿಮೆಯಾಯಿತು, ಅಷ್ಟೇ. ಪಕ್ಕದ ಮೂರು ಎಕರೆ ಮಾರಾಟಕ್ಕಿದೆಯಂತೆ."

ಅಕ್ಕ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಜಗಳವಾಗುತ್ತದೆಂದು ನಾನು ಚಪ್ಪಲಿ ಹುಡುಕತೊಡಗಿದೆ. ಅವಳು ಬಹಳ ಶಾಂತವಾಗಿ ಕೇಳಿದ್ದು ಇಷ್ಟೇ: "ಅಷ್ಟು ಜಾಗಕ್ಕೆ ಈ ಪುಟಾಣಿ ಟ್ರಾಕ್ಟರ್ ಸಾಕಾಗುತ್ತಾ, ಅಂದ್ರೆ?"

ಭಾವ ಪೆನ್ನಿನ ಮುಚ್ಚಳ ಮತ್ತೆ ತೆಗೆದರು. 36 ಎಚ್‌ಪಿಯ ಕ್ಯಾಟಲಾಗ್ ಎಲ್ಲಿಟ್ಟೆ ಎಂದು ನನ್ನನ್ನು ಕೇಳಿದರು.