ಸ್ಕ್ರಿಪ್ಟ್ ರಾಯರು

ಚೈತ್ರಮಾಸದ ಬಿಸಿಲಿನಲ್ಲಿ ಬೆಂಗಳೂರಿನ ಸಮಸ್ತರೂ ಅಂಗಿಯ ಮೇಲುಗುಂಡಿಯನ್ನು ಬಿಚ್ಚಿಕೊಂಡು, ಕೈಗೆ ಸಿಕ್ಕ ಪತ್ರಿಕೆಯಿಂದಲೋ ಫೈಲಿನ ರಟ್ಟಿನಿಂದಲೋ ಗಾಳಿ ಬೀಸಿಕೊಳ್ಳುತ್ತ ಏದುಸಿರು ಬಿಡುವ ಹೊತ್ತಿನಲ್ಲಿ, ಕೈಹೆಣಿಗೆಯ ಸ್ವೆಟರನ್ನು ತೊಟ್ಟು, ಕಿವಿಗಳೆರಡೂ ಮುಚ್ಚುವಂತೆ ಮಫ್ಲರನ್ನು ಸುತ್ತಿಕೊಂಡು, ಹಿಮಾಲಯದಿಂದ ಇದೀಗ ಇಳಿದು ಬಂದ ತಪಸ್ವಿಯಂತೆ ಕ್ಯಾಂಟೀನಿನ ಬಾಗಿಲಲ್ಲಿ ಪ್ರತ್ಯಕ್ಷರಾಗುವ ಮಹನೀಯರೊಬ್ಬರು ನಮ್ಮ ಕಚೇರಿಯಲ್ಲಿದ್ದಾರೆ. ಯಂತ್ರಗಳಿಗೆ ಸೆಕೆಯಾಗಬಾರದೆಂದು ಹಗಲಿರುಳೂ ಶೈತ್ಯೋಪಚಾರ ನಡೆಯುವ ನಾಲ್ಕನೆಯ ಅಂತಸ್ತಿನ ಸರ್ವರ್ ಕೋಣೆ ಅವರ ಆಶ್ರಮ. ಅವರ ನಿಜನಾಮಧೇಯ ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿದೆ. ಜವಾನನಿಂದ ಮೊದಲ್ಗೊಂಡು ಜನರಲ್ ಮ್ಯಾನೇಜರ ಪರ್ಯಂತ ಎಲ್ಲರಿಗೂ ಅವರು ಸ್ಕ್ರಿಪ್ಟ್ ರಾಯರು. ನಾನು ಲೆಕ್ಕಪತ್ರ ವಿಭಾಗದವನು. ರಾಯರ ಬೈಟು ಕಾಫಿಯ ಇನ್ನರ್ಧಕ್ಕೆ ಇಪ್ಪತ್ತು ವರ್ಷಗಳಿಂದ ಹಕ್ಕುದಾರನಾಗಿರುವುದೊಂದೇ ಅವರನ್ನು ಕುರಿತು ಬರೆಯಲು ನನಗಿರುವ ಅರ್ಹತೆ.

ಸ್ಕ್ರಿಪ್ಟೆಂದರೆ ನಾಟಕದ ಹಸ್ತಪ್ರತಿಯೆಂದು ಭ್ರಮಿಸಿ, ರಾಯರು ಹವ್ಯಾಸಿ ರಂಗಭೂಮಿಯವರಿರಬೇಕೆಂದು ನಾನು ಬಹುಕಾಲ ಗೌರವಿಸುತ್ತಿದ್ದೆ. ಕಂಪ್ಯೂಟರಿಗೆ ಒಂದೊಂದಾಗಿ ಹೇಳಬೇಕಾದ ಆಜ್ಞೆಗಳನ್ನು ಕಡತವೊಂದರಲ್ಲಿ ಸಾಲಾಗಿ ಬರೆದಿಟ್ಟು, 'ನಾನು ಮನೆಗೆ ಹೋಗುತ್ತೇನೆ, ನೀನು ರಾತ್ರಿ ಎರಡು ಗಂಟೆಗೆ ಎದ್ದು ಇಷ್ಟನ್ನೂ ಮಾಡಿ ಮುಗಿಸು' ಎಂದು ಒಪ್ಪಿಸಿ ಹೋಗುವ ಚೀಟಿಗೆ ಆ ಹೆಸರೆಂದು ಅನಂತರ ತಿಳಿಯಿತು. ಕೆಲಸದವಳಿಗೆ ಮನೆಯೊಡತಿ ಬರೆದಿಟ್ಟು ಹೋಗುವ ಚೀಟಿಗೂ ಇದಕ್ಕೂ ಒಂದೇ ಭೇದ. ಹಳೆಯ ಬಟ್ಟೆಯನ್ನೆಲ್ಲ ಎಸೆಯೆಂದು ಚೀಟಿಯಲ್ಲಿದ್ದರೆ, ಕೆಲಸದವಳು ಬೀರುವಿನ ರೇಷ್ಮೆ ಸೀರೆಯ ಮುಂದೆ ನಿಂತು ಒಂದು ಗಳಿಗೆ ಯೋಚಿಸುತ್ತಾಳೆ. ಯಂತ್ರ ಯೋಚಿಸುವುದಿಲ್ಲ.

ಈ ಚೀಟಿಯ ಭಾಷೆಯೂ ವಿಚಿತ್ರವಾದುದು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಯುನಿಕ್ಸ್ ವ್ಯವಸ್ಥೆಗೆ ಅಸ್ತಿಭಾರ ಹಾಕಿದರಷ್ಟೆ. ಹತ್ತು ವರ್ಷಗಳ ತರುವಾಯ, 1979ರಲ್ಲಿ, ಇಂತಹ ಚೀಟಿಗಳನ್ನು ಓದಿ ನಡೆಸುವ, ಸ್ಟೀಫನ್ ಬೋರ್ನ್ ರಚಿಸಿದ ಶೆಲ್ ಯುನಿಕ್ಸಿನ ಏಳನೆಯ ಆವೃತ್ತಿಯೊಡನೆ ಹೊರಬಿದ್ದಿತು. ಇಫ್ ಎಂದು ತೆರೆದ ಬಾಗಿಲನ್ನು ಅದೇ ಅಕ್ಷರಗಳನ್ನು ತಿರುಗಿಸಿ ಫಿ ಎಂದು ಮುಚ್ಚತಕ್ಕದ್ದು. ಕೇಸ್ ಎಂಬುದನ್ನು ಎಸ್ಯಾಕ್ ಎಂದು ಮುಚ್ಚತಕ್ಕದ್ದು. ವಿಕಟಕವಿಯೆಂಬ ಬಿರುದನ್ನು ಹಿಂದುಮುಂದಾಗಿ ಓದಿ ನಕ್ಕವರಿಗೆ ಇದು ಹೊಸತಲ್ಲ. ಆ ನ್ಯಾಯದಿಂದ ಡೂ ಎಂಬುದು ಓಡಿ ಎಂದು ಮುಗಿಯಬೇಕಾಗಿತ್ತು. ಆದರೆ ಆ ಹೆಸರಿನ ಆಜ್ಞೆಯೊಂದು ಮೊದಲೇ ಬಳಕೆಯಲ್ಲಿದ್ದುದರಿಂದ ಡನ್ ಎಂದು ಮುಗಿಸಿದರು. ಈ ಸಂಗತಿಯನ್ನು ರಾಯರು ಬಂಧುಗಳ ಮನೆಯ ಆಸ್ತಿ ವಿಭಾಗದ ಕಥೆಯನ್ನು ಹೇಳುವಷ್ಟು ಆಸ್ಥೆಯಿಂದ ಹೇಳುತ್ತಾರೆ. 1989ರಲ್ಲಿ ಬ್ರಯಾನ್ ಫಾಕ್ಸ್ ಬ್ಯಾಶ್ ಎಂಬ ಹೊಸ ಶೆಲ್ಲನ್ನು ಬರೆದಾಗಲೂ ಈ ವಿಪರೀತ ಸಂಪ್ರದಾಯ ಚ್ಯುತಿಯಿಲ್ಲದೆ ಮುಂದುವರಿದುದು ಅವರಿಗೆ ಪರಮ ಸಮಾಧಾನ.

ರಾಯರ ಸ್ವಭಾವದ ತಿರುಳು ಭಯ. ಕಳ್ಳರ ಭಯವೂ ಅಲ್ಲ, ಮೇಲಧಿಕಾರಿಗಳ ಭಯವೂ ಅಲ್ಲ. ಹೆಸರಿದ್ದೂ ಒಳಗೆ ಏನೂ ಇಲ್ಲದ ಡಬ್ಬಿಯ ಭಯ. ಸ್ಕ್ರಿಪ್ಟಿನಲ್ಲಿ ಒಂದು ಹೆಸರನ್ನು ಬರೆದು ಅದಕ್ಕೆ ಬೆಲೆಯನ್ನು ಕೊಡಲು ಮರೆತರೆ, ಶೆಲ್ ಆಕ್ಷೇಪಿಸದೆ ಅಲ್ಲಿ ಶೂನ್ಯವನ್ನಿಟ್ಟುಕೊಂಡು ಮುನ್ನಡೆಯುತ್ತದೆ. 'ಇಂಥವರ ಮನೆಯ ಹಿತ್ತಿಲಿನ ಕಸವನ್ನೆಲ್ಲ ಸುಡು' ಎಂಬ ಆಜ್ಞೆಯಲ್ಲಿ 'ಇಂಥವರ ಮನೆಯ ಹಿತ್ತಿಲಿನ' ಎಂಬುದು ಅಳಿಸಿಹೋದರೆ ಉಳಿಯುವುದೇನು? 2015ರ ಜನವರಿಯಲ್ಲಿ ಸ್ಟೀಮ್ ಎಂಬ ಆಟಗಳ ತಂತ್ರಾಂಶದ ಲಿನಕ್ಸ್ ಆವೃತ್ತಿಯಲ್ಲಿ ಇಂತಹುದೇ ದೋಷ ಬೆಳಕಿಗೆ ಬಂದಿತು: ತನ್ನ ಫೋಲ್ಡರು ಎಲ್ಲಿದೆಯೆಂಬುದು ಸ್ಕ್ರಿಪ್ಟಿಗೆ ತಿಳಿಯದೆ ಆ ಹೆಸರು ಬರಿದಾದಾಗ, ಅದರ ಮುಂದಿದ್ದ ಓರೆಗೆರೆಯೊಂದೇ ಉಳಿದು, ಕಂಪ್ಯೂಟರಿನ ಮೂಲದಿಂದಲೇ ಎಲ್ಲವನ್ನೂ ಅಳಿಸುವ ಆಜ್ಞೆ ಸಿದ್ಧವಾಯಿತು. ಆ ಸಾಲಿನ ನೆರೆಯಲ್ಲಿಯೇ ಬರೆದವರು 'ಭಯಂಕರ!' ಎಂಬರ್ಥದ ಒಂದು ಪದವನ್ನು ಟಿಪ್ಪಣಿಯಾಗಿ ಬರೆದಿಟ್ಟಿದ್ದರು. "ಭಯಂಕರವೆಂದು ಗೊತ್ತಿತ್ತು, ಸ್ವಾಮಿ, ಗೊತ್ತಿತ್ತು!" ಎನ್ನುವಾಗ ರಾಯರ ಕೈಯ ಕಾಫಿ ಲೋಟ ಕಂಪಿಸುತ್ತದೆ. ಅವರ ಪ್ರತಿಯೊಂದು ಸ್ಕ್ರಿಪ್ಟಿನ ಆರಂಭದಲ್ಲಿಯೂ ವಿಘ್ನೇಶ್ವರ ಸ್ತುತಿಯ ಸ್ಥಾನದಲ್ಲಿ ಒಂದು ಸಾಲು ತಪ್ಪದೆ ಇರುತ್ತದೆ: ಬೆಲೆಯಿಲ್ಲದ ಹೆಸರು ಕಂಡರೆ ನಿಲ್ಲು; ಯಾವ ಆಜ್ಞೆ ಸೋತರೂ ನಿಲ್ಲು; ಕೊಳವೆಯ ನಡುವೆ ಯಾರು ಸೋತರೂ ಸೋಲೆಂದು ಒಪ್ಪಿಕೊ. ಇಷ್ಟನ್ನು ಬರೆದ ಮೇಲೂ ಅವರಿಗೆ ನಿದ್ರೆ ಬರುವುದಿಲ್ಲವೆಂಬುದು ಬೇರೆ ಮಾತು. ಸೋಲನ್ನು ಶೆಲ್ ಗಮನಿಸದೆ ಬಿಡುವ ಸಂದುಗೊಂದುಗಳು ಎಷ್ಟೋ ಇವೆಯಂತೆ.

ಕೊಳವೆಯೆಂದೆನಲ್ಲ, ಅದನ್ನಿಷ್ಟು ವಿವರಿಸಬೇಕು. ಒಂದು ಆಜ್ಞೆಯ ಫಲವನ್ನು ಇನ್ನೊಂದರ ಬಾಯಿಗೆ ನೇರವಾಗಿ ಸುರಿಯುವ ಉಪಾಯವನ್ನು ಡಗ್ ಮ್ಯಾಕ್‌ಇಲ್‌ರಾಯ್ ಸೂಚಿಸಿ, 1973ರಲ್ಲಿ ಥಾಂಪ್ಸನ್ ಅದನ್ನು ಯುನಿಕ್ಸಿನಲ್ಲಿ ಕಾರ್ಯಗತಗೊಳಿಸಿದರು. ಮದುವೆಮನೆಯಲ್ಲಿ ಬಾವಿಯಿಂದ ಅಡುಗೆಮನೆಯವರೆಗೆ ಸಾಲಾಗಿ ನಿಂತು ಕೊಡಪಾನಗಳನ್ನು ಕೈಯಿಂದ ಕೈಗೆ ದಾಟಿಸುವ ಕ್ರಮವೇ ಇದು. ಬಾವಿ ಬತ್ತಿಹೋಗಿ ಮೊದಲನೆಯವನು ಕೈಚೆಲ್ಲಿ ಕುಳಿತರೂ, ಕೊನೆಯವನು ಬರಿಯ ಕೊಪ್ಪರಿಗೆಗೆ ಮುಚ್ಚಳವನ್ನಿಟ್ಟು 'ನನ್ನ ಕೆಲಸ ಆಯಿತು' ಎಂದರೆ, ಶೆಲ್ ಆ ಕೊನೆಯವನ ಮಾತನ್ನಷ್ಟೇ ಕೇಳುತ್ತದೆ. ರಾಯರು ಬರುವುದಕ್ಕೆ ಹಿಂದೆ ನಮ್ಮಲ್ಲಿ ದತ್ತಾಂಶವನ್ನು ತೆಗೆದು ಹಿಂಡಿ ಬ್ಯಾಕಪ್ ಕಡತವನ್ನಾಗಿಸುವ ಸ್ಕ್ರಿಪ್ಟು ಹೀಗೆಯೇ ತಿಂಗಳುಗಟ್ಟಲೆ ನಡೆಯಿತು. ತೆಗೆಯುವವನು ಪಾಸ್‌ವರ್ಡ್ ಬದಲಾದಂದಿನಿಂದ ಪ್ರತಿರಾತ್ರಿಯೂ ಸೋಲುತ್ತಿದ್ದ. ಹಿಂಡುವವನು ಶೂನ್ಯವನ್ನು ಶ್ರದ್ಧೆಯಿಂದ ಹಿಂಡುತ್ತಿದ್ದ. ಒಂದು ದಿನ ಡಿಸ್ಕು ಕೆಟ್ಟು ಬ್ಯಾಕಪ್ಪನ್ನು ತೆರೆದಾಗ ಸಾಲು ಸಾಲಾಗಿ ಕಡತಗಳಿದ್ದುವು, ದಿನಾಂಕಗಳಿದ್ದುವು, ಪ್ರತಿಯೊಂದರ ಗಾತ್ರವೂ ಸರಿಯಾಗಿ 20 ಬೈಟು. ಶೂನ್ಯವನ್ನು ಜಿಜಿಪ್ ಎಂಬ ಆ ಹಿಂಡುವವನು ಹಿಂಡಿದರೆ ದೊರೆಯುವ ಹಿಂಡಿಯ ತೂಕ ಅಷ್ಟೇ. ಆ ವರ್ಷ ನಮ್ಮ ವಿಭಾಗದವರೆಲ್ಲರೂ ಲೆಕ್ಕವನ್ನು ಕಾಗದದಿಂದ ಮತ್ತೆ ಟೈಪು ಮಾಡಿದೆವು. ಅಂದಿನಿಂದ ನನಗೂ ಕೊಳವೆಗಳಲ್ಲಿ ವಿಶ್ವಾಸವಿಲ್ಲ, ಜಲಮಂಡಳಿಯವನ್ನೂ ಸೇರಿಸಿ.

ರಾಯರ ಎರಡನೆಯ ಶತ್ರು ಖಾಲಿ ಜಾಗ. ಮಲೆನಾಡಿನ ನಮ್ಮ ನೆಂಟರೊಬ್ಬರ ಮನೆತನದ ಹೆಸರು ಹೊಸಮನೆ. ಅವರ ಮನೆಯ ಹೆಣ್ಣುಮಗಳ ಸೀಮಂತದಲ್ಲಿ ಉಡುಗೊರೆಗಳ ಪಟ್ಟಿ ಬರೆಯುತ್ತಿದ್ದ ಹುಡುಗನೊಬ್ಬ 'ಹೊಸಮನೆಯವರು' ಎಂಬುದನ್ನು 'ಹೊಸ ಮನೆಯವರು' ಎಂದು ಬಿಡಿಸಿ ಬರೆದುದರಿಂದ ಉಂಟಾದ ಕೋಲಾಹಲವನ್ನು, ಹೆಣ್ಣುಮಗಳಿಗೆ ಮನೆಯವರು ಒಬ್ಬರೇ ಎಂದು ಹಿರಿಯರು ಸಮಾಧಾನಪಡಿಸಿದ ಬಗೆಯನ್ನು, ಒಂದು ದಿನ ರಾಯರಿಗೆ ಹೇಳಿದೆ. ನಗುವರೆಂದು ನಿರೀಕ್ಷಿಸಿದ್ದ ನನಗೆ ಆಶ್ಚರ್ಯವಾಗುವಂತೆ ಅವರು ಗಂಭೀರರಾಗಿ, "ಉದ್ಧರಣ ಚಿಹ್ನೆಯೊಳಗೆ ಬರೆಯಬೇಕಾಗಿತ್ತು" ಎಂದರು. 'ಸಂಬಳ ಪಟ್ಟಿ' ಎಂಬ ಹೆಸರಿನ ಕಡತವನ್ನು ಅಳಿಸೆಂದು ಚಿಹ್ನೆಯಿಲ್ಲದೆ ಹೇಳಿದರೆ ಶೆಲ್ ಅದನ್ನು 'ಸಂಬಳ' ಒಂದು, 'ಪಟ್ಟಿ' ಒಂದು ಎಂದು ಎರಡಾಗಿ ಸೀಳುತ್ತದೆಯಂತೆ. ಸಂಬಳ ಅಳಿದು ಪಟ್ಟಿ ಉಳಿಯುವುದು ನಮ್ಮ ಕಚೇರಿಯಲ್ಲಿ ಶೆಲ್ಲಿನ ನೆರವಿಲ್ಲದೆಯೂ ತಿಂಗಳ ಹತ್ತನೆಯ ತಾರೀಖಿನೊಳಗೆ ನಡೆಯುತ್ತದೆಂದು ನಾನು ಹೇಳಲಿಲ್ಲ. 2011ರಲ್ಲಿ ಬಂಬಲ್‌ಬೀ ಎಂಬ ತಂತ್ರಾಂಶದ ಸ್ಥಾಪನಾ ಸ್ಕ್ರಿಪ್ಟಿನಲ್ಲಿ ಯುಎಸ್‌ಆರ್ ಎಂಬ ಹೆಸರಿನ ಮುಂದೆ ಒಂದೇ ಒಂದು ಖಾಲಿ ಜಾಗ ಹೆಚ್ಚಾಗಿ ಬಿದ್ದುದರಿಂದ, ಒಳಗಿನದೊಂದು ಉಪಫೋಲ್ಡರಿಗೆ ಉದ್ದೇಶಿಸಿದ್ದ ಅಳಿಸುವ ಆಜ್ಞೆ, ಲಿನಕ್ಸಿನ ಬಹುಪಾಲು ತಂತ್ರಾಂಶಗಳು ವಾಸಿಸುವ ಯುಎಸ್‌ಆರ್ ಫೋಲ್ಡರನ್ನೇ ನುಂಗಿತು. ಮನುಷ್ಯನು ಖಾಲಿ ಜಾಗವನ್ನು ಸೈಟೆಂದು ಆಸೆಯಿಂದ ನೋಡುವ ಈ ನಗರದಲ್ಲಿ ಅದನ್ನು ಕಂಡು ನಡುಗುವವರು ರಾಯರೊಬ್ಬರೇ ಇರಬೇಕು.

ಇಂತಹ ಜಾಗರೂಕತೆಯನ್ನು ಸಂಜೆ ಆರು ಗಂಟೆಗೆ ಕಚೇರಿಯಲ್ಲಿ ಕಳಚಿಟ್ಟು ಹೋಗುವುದು ಯಾರಿಗೂ ಸಾಧ್ಯವಲ್ಲ. ಶೆಲ್ಲಿನಲ್ಲಿ ಆಜ್ಞೆಯೊಂದು ಗೆದ್ದರೆ ಸೊನ್ನೆಯನ್ನು ಹಿಂದಿರುಗಿಸುತ್ತದೆ, ಸೋತರೆ 1ರಿಂದ 255ರವರೆಗೆ ಯಾವುದಾದರೊಂದು ಸಂಖ್ಯೆಯನ್ನು. ಗೆಲುವು ಒಂದೇ ವಿಧ, ಸೋಲಿಗೆ ಕಾರಣಗಳು ನೂರಾರು ಎಂಬುದು ಇದರ ತಾತ್ಪರ್ಯ. ಇದನ್ನು ರಾಯರು ಊಟದ ಹೊತ್ತಿನಲ್ಲಿ ಮಗನಿಗೆ ವಿಸ್ತಾರವಾಗಿ ಬೋಧಿಸಿದುದರ ಫಲವಾಗಿ, ಅವನು ಗಣಿತದ ಕಿರುಪರೀಕ್ಷೆಯ ಉತ್ತರಪತ್ರಿಕೆಯನ್ನು ನಿರ್ಭೀತನಾಗಿ ತಂದು ತಂದೆಯ ಕೈಗಿತ್ತನು. ರಾಯರ ಪತ್ನಿಯವರ ಕಷ್ಟ ಬೇರೆ. ಯುನಿಕ್ಸಿನ ಸತ್ಸಂಪ್ರದಾಯದಂತೆ ಸುಸೂತ್ರವಾಗಿ ನಡೆದ ಕಾರ್ಯ ಮೌನವಾಗಿರತಕ್ಕದ್ದು, ಕೆಟ್ಟುದು ಮಾತ್ರ ಕೂಗತಕ್ಕದ್ದು. ಆದುದರಿಂದ ರಾಯರು ಅಡುಗೆಯನ್ನು ಹೊಗಳಿದ್ದಿಲ್ಲ. "ಏನೂಂದ್ರೆ, ನೀವು ಮಾತಾಡದೆ ಎದ್ದು ಹೋದರೆ ಚೆನ್ನಾಗಿತ್ತು ಅಂತ ನಾನು ತಿಳಕೋಬೇಕೆ?" ಎಂದು ಆಕೆ ಕೇಳಿದುದಕ್ಕೆ ರಾಯರು ಮೌನವಾಗಿದ್ದರು.

ಒಮ್ಮೆ ಆ ಮನೆಯ ಸಾರಿಗೆ ಉಪ್ಪು ಎರಡು ಸಲ ಬಿದ್ದಿತು. ಪತ್ನಿಯವರು ಒಮ್ಮೆ ಹಾಕಿದ್ದನ್ನು ತಿಳಿಯದೆ ಅತ್ತೆಯವರು ಇನ್ನೊಮ್ಮೆ ಹಾಕಿದ್ದರು. ಇತರರು ನೀರು ಬೆರೆಸುವುದರಲ್ಲಿದ್ದಾಗ ರಾಯರು ದೋಷದ ಮೂಲವನ್ನು ಶೋಧಿಸಿದರು. "ಉಪ್ಪು ಹಾಕು ಎಂಬ ಆಜ್ಞೆಯೇ ಸರಿಯಲ್ಲ. ಸಾರಿನಲ್ಲಿ ಉಪ್ಪು ಹದವಾಗಿರಲಿ ಎಂದಿರಬೇಕು. ಇಲ್ಲದಿದ್ದರೆ ಮಾಡು, ಇದ್ದರೆ ಸುಮ್ಮನಿರು. ಆಗ ಹತ್ತು ಸಲ ನಡೆಸಿದರೂ ಒಂದು ಸಲ ನಡೆಸಿದಷ್ಟೇ ಫಲ." ಸ್ಕ್ರಿಪ್ಟು ಅರ್ಧದಾರಿಯಲ್ಲಿ ಕೆಟ್ಟು ಮತ್ತೆ ಮೊದಲಿನಿಂದ ನಡೆಸಬೇಕಾಗಿ ಬಂದವರಿಗೆ ಈ ಮಾತಿನ ಬೆಲೆ ತಿಳಿದೀತು, ಅತ್ತೆಯವರಿಗೆ ಮಾತ್ರ ತಮ್ಮನ್ನು ಸುಮ್ಮನಿರೆಂದರೆಂಬುದಷ್ಟೇ ತಿಳಿಯಿತು. ಅದೇ ಮನೆಯ ಬಚ್ಚಲಿಗೆ ಚಿಲಕ ಹುಡುಕಿದ ಕಥೆಯೂ ಹೀಗೆಯೇ. ಒಂದು ಸ್ಕ್ರಿಪ್ಟು ನಡೆಯುತ್ತಿರುವಾಗ ಅದರ ಅವಳಿಯೊಂದು ಒಳನುಗ್ಗದಂತೆ ಬೀಗದ ಕಡತವನ್ನಿಡುವುದು ವಾಡಿಕೆ. ಒಳಗಿದ್ದುದು ಅಕಾಲಮರಣಕ್ಕೀಡಾದರೆ ಬೀಗ ಹಾಗೆಯೇ ಉಳಿದು, ಒಳಗೆ ಯಾರೂ ಇಲ್ಲದ ಬಚ್ಚಲಿನ ಮುಂದೆ ಎಲ್ಲರೂ ಟವಲು ಹೊದ್ದು ಕಾಯುತ್ತ ನಿಂತಂತಾಗುತ್ತದೆ. ಆದ್ದರಿಂದ ಒಳಗಿನವನು ಹೋದೊಡನೆ ತಾನಾಗಿಯೇ ಬಿಚ್ಚಿಕೊಳ್ಳುವ ಬೀಗವನ್ನು ರಾಯರು ಕಚೇರಿಯಲ್ಲಿ ಬಳಸುತ್ತಾರೆ. ಮನೆಗೂ ಅಂತಹುದೇ ಬೇಕೆಂದು ಅವೆನ್ಯೂ ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿದಾಗ, ಅಂಗಡಿಯವರು ಮನೆಯಲ್ಲಿ ವಯಸ್ಸಾದವರಿದ್ದಾರೆಯೇ ಎಂದು ಸಹಾನುಭೂತಿಯಿಂದ ಕೇಳಿದರು.

ಕಚೇರಿಗೆ ಹೊಸದಾಗಿ ಸೇರುವ ತರುಣರಲ್ಲಿ ಏಕಪಂಕ್ತಿ ವೀರರೆಂಬ ಪಂಗಡವೊಂದಿದೆ. ರಾಯರು ನಲವತ್ತು ಸಾಲಿನಲ್ಲಿ ಮಾಡುವುದನ್ನು ಅವರು ಒಂದೇ ಸಾಲಿನಲ್ಲಿ, ಕೊಳವೆಗೆ ಕೊಳವೆ ಜೋಡಿಸಿ, ಮಹಾಪ್ರಾಣಗಳಿಂದ ಕಿಕ್ಕಿರಿದ ಬೀಜಮಂತ್ರದಂತೆ ಬರೆದು, ಮೂರು ದಿನಗಳ ಮೇಲೆ ತಾವೇ ಅದರ ಅರ್ಥವನ್ನು ಮರೆಯುತ್ತಾರೆ. ಅವರಿಗೆ ರಾಯರು ಹೇಳುವ ಪುರಾಣ ಕ್ಯೋಟೋದ್ದು. 2021ರ ಡಿಸೆಂಬರಿನಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾನಿಲಯದ ಸೂಪರ್‌ಕಂಪ್ಯೂಟರಿನಿಂದ ಸುಮಾರು 77 ಟೆರಾಬೈಟು, ಎಂದರೆ 3 ಕೋಟಿ 40 ಲಕ್ಷದಷ್ಟು ಕಡತಗಳು, ಅಳಿಸಿಹೋದುವು. ಸಂಶೋಧಕರ 14 ತಂಡಗಳು ಕೈ ಸುಟ್ಟುಕೊಂಡುವು. ಅಳಿಸಿದುದು ಬ್ಯಾಕಪ್ ಸ್ಕ್ರಿಪ್ಟೇ. ಹಳೆಯ ಲಾಗುಗಳನ್ನು ಮಾತ್ರ ತೆಗೆಯಬೇಕಾಗಿದ್ದ ಆ ಸ್ಕ್ರಿಪ್ಟಿನಲ್ಲಿ ಹೆಸರುಗಳು ಓದಲು ಸುಲಭವಾಗಲೆಂದು ಯಾರೋ ಪುಣ್ಯಾತ್ಮರು ತಿದ್ದಿ, ಹಳೆಯ ಪ್ರತಿ ನಡೆಯುತ್ತಿರುವಾಗಲೇ ಅದರ ಸ್ಥಾನದಲ್ಲಿ ಹೊಸತನ್ನು ಇಟ್ಟರು. ಬ್ಯಾಶ್ ಸ್ಕ್ರಿಪ್ಟನ್ನು ಇಡಿಯಾಗಿ ಓದಿಕೊಂಡು ಅನಂತರ ನಡೆಸುವುದಿಲ್ಲ. ಓದುತ್ತ ಓದುತ್ತ ನಡೆಸುತ್ತದೆ. ಪುರೋಹಿತರು ವಿವಾಹಪ್ರಯೋಗವನ್ನು ಓದುತ್ತಿರುವಾಗ, ಅಕ್ಷರ ದಪ್ಪವಾಗಿ ಅಚ್ಚಾದ ಹೊಸ ಪುಸ್ತಕವನ್ನು ಶಿಷ್ಯನು ಸದ್ದಿಲ್ಲದೆ ವ್ಯಾಸಪೀಠದ ಮೇಲಿಟ್ಟು ಹಳೆಯದನ್ನು ಎಳೆದುಕೊಂಡರೆ, ನಿಲ್ಲಿಸಿದ ಪುಟಸಂಖ್ಯೆಯಿಂದ ಮುಂದುವರಿದ ಪುರೋಹಿತರು ವಧೂವರರಿಗೆ ಏನನ್ನು ಮಾಡಿಸುವರೋ ದೇವರೇ ಬಲ್ಲ. ಹೊಸ ಸಾಲುಗಳಲ್ಲಿದ್ದ ಹೊಸ ಹೆಸರುಗಳಿಗೆ ಬೆಲೆಯನ್ನು ಕೊಟ್ಟ ಭಾಗವನ್ನು ಬ್ಯಾಶ್ ಓದಿಯೇ ಇರಲಿಲ್ಲ, ಹೆಸರುಗಳು ಬರಿದಾಗಿದ್ದುವು, ಮುಂದಿನದು ರಾಯರ ದುಃಸ್ವಪ್ನ. ಅದಕ್ಕಾಗಿಯೇ ಅವರು ಸ್ಕ್ರಿಪ್ಟಿನ ಸಮಸ್ತವನ್ನೂ ಒಂದು ಫಂಕ್ಷನ್ನಿನ ಆವರಣದೊಳಗೆ ಕಟ್ಟಿ, ಕಟ್ಟಕಡೆಯ ಸಾಲಿನಲ್ಲಿ ಮಾತ್ರ ಅದನ್ನು ಕರೆಯುತ್ತಾರೆ. ಕೊನೆಯ ಪುಟವನ್ನು ಓದದೆ ಮಂಗಳಾರಂಭವಿಲ್ಲ.

ಇಷ್ಟೆಲ್ಲ ಬಲ್ಲ ರಾಯರ ಬಳಿಯೂ ಒಂದು ಗುಟ್ಟಿತ್ತೆಂಬುದು ಬೆಳಕಿಗೆ ಬಂದುದು ಅವರ ನಿವೃತ್ತಿಗೆ ಮೂರು ತಿಂಗಳಿರುವಾಗ. ಕೆಲಸವನ್ನು ವಹಿಸಿಕೊಳ್ಳಲೆಂದು ಬಂದ ಹಾಸನದ ಕಡೆಯ ತರುಣಿಯೊಬ್ಬಳು ಅವರ ಸ್ಕ್ರಿಪ್ಟುಗಳನ್ನು ಒಂದೊಂದಾಗಿ ಓದುತ್ತ ಬಂದಳು. ಎಲ್ಲವೂ ನಿರ್ದುಷ್ಟ, ಪ್ರತಿಯೊಂದು ಟಿಪ್ಪಣಿಯೂ ಏನು ಮಾಡುತ್ತೇನೆಂಬುದನ್ನು ಬಿಟ್ಟು ಏತಕ್ಕೆ ಮಾಡುತ್ತೇನೆಂಬುದನ್ನು ಹೇಳುವಂತಹುದು. ಕೊನೆಗೆ ಅವಳು ತಲುಪಿದುದು ರಾತ್ರಿ 2 ಗಂಟೆ 10 ನಿಮಿಷಕ್ಕೆ ಏಳುವ ಅತ್ಯಂತ ಹಳೆಯ ಸ್ಕ್ರಿಪ್ಟನ್ನು. ಆರಂಭದ ಸ್ತುತಿಯಿಲ್ಲ, ಉದ್ಧರಣ ಚಿಹ್ನೆಗಳಿಲ್ಲ. ತಲೆಯ ಮೇಲೆ ಒಂದೇ ಟಿಪ್ಪಣಿ: 'ತಾತ್ಕಾಲಿಕ. ನಾಳೆ ಸರಿಪಡಿಸತಕ್ಕದ್ದು.' ಹಿಂದೆ ನಮ್ಮೂರುಗಳಲ್ಲಿ ದೆವ್ವ ಬಾರದಿರಲೆಂದು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರಲ್ಲವೇ. ಅದನ್ನೋದಿ ದೆವ್ವ ದಿನವೂ ಹಿಂದಿರುಗುತ್ತಿತ್ತಂತೆ. ಈ ಬಾಗಿಲಿನಿಂದ ಹದಿನೇಳು ವರ್ಷಗಳ ಕಾಲ ರಾಯರೇ ಹಿಂದಿರುಗಿದ್ದರು.

"ಸರ್, ನಡುವೆ ಇಲ್ಲಿ 37 ಸೆಕೆಂಡು ಮಲಗು ಅಂತಿದೆಯಲ್ಲ, ಯಾಕೆ?" ಎಂದಳು ಅವಳು.

ರಾಯರು ಕನ್ನಡಕವನ್ನು ತೆಗೆದರು, ಒರೆಸಿದರು, ಹಾಕಿಕೊಂಡರು. ಯಾವುದೋ ಒಂದು ಯಂತ್ರ ಏಳಲು ತಡಮಾಡುತ್ತಿದ್ದಿರಬೇಕು. ಆ ಯಂತ್ರ ಈಗ ಇದೆಯೋ ಇಲ್ಲವೋ. 30 ಆಗಿದ್ದರೆ ಅಂದಾಜೆನ್ನಬಹುದಿತ್ತು; 37ನ್ನು ಬರೆದವನು ಯಾವುದನ್ನೋ ಅಳೆದು ಬರೆದಿದ್ದಾನೆ. ಅಳೆದುದೇನೆಂಬುದು ಮಾತ್ರ ಅವರಿಗೆ ಸ್ಮರಣೆಗೆ ಬಾರದು.

"ತೆಗೆದು ನೋಡೋಣವೇ, ಸರ್?"

"ಬೇಡಮ್ಮ" ಎಂದರು ರಾಯರು, ಮಫ್ಲರನ್ನು ಬಿಗಿಮಾಡಿಕೊಳ್ಳುತ್ತ.

ಮಾರನೆಯ ದಿನ ಅವಳು ಆ ಸಾಲಿನ ಮೇಲೆ ಒಂದು ಟಿಪ್ಪಣಿಯನ್ನು ಸೇರಿಸಿದ್ದಳು: 'ಕಾರಣ ತಿಳಿಯದು. ಬರೆದವರನ್ನೇ ಕೇಳಿದೆ, ಅವರಿಗೂ ತಿಳಿಯದು. ಕಾರಣ ಸಿಗುವವರೆಗೆ ತೆಗೆಯಬಾರದು.' ಕೆಳಗೆ ಅಂದಿನ ದಿನಾಂಕ. ರಾಯರು ಅದನ್ನು ಎರಡು ಬಾರಿ ಓದಿದರು. ನಾನು ಕಾಫಿಗೆ ಕರೆಯಲು ಹೋದವನು ಬಾಗಿಲಲ್ಲಿಯೇ ನಿಂತಿದ್ದೆ. ಮಹಾಶಯರಿಗೆ ಕೋಪ ಬಂದೀತೆಂದು ನನ್ನ ಎಣಿಕೆ.

"ದಿನಾಂಕದಲ್ಲಿ ವರ್ಷವನ್ನು ಮೊದಲು ಬರೆಯಮ್ಮ, ಆಮೇಲೆ ತಿಂಗಳು, ಆಮೇಲೆ ದಿನ" ಎಂದರು ರಾಯರು. "ಹುಡುಕುವಾಗ ಸಾಲಾಗಿ ಬರುತ್ತೆ."