ಕೀಲಿಶಾಸ್ತ್ರ ಪ್ರವೇಶಿಕೆ: ಮಸೂತಿ ಸೀಮೆಯ ಹಂಗಾಮಿ ಮನೆಗಳ ರಕ್ಷಣಾ ವಿಚಾರ

ವರ್ಷದ ಬಹುಪಾಲು ಬೇರೆ ಕಡೆ ಇರುವ ಒಡೆಯನು ಹಂಗಾಮು ನೋಡಿಕೊಂಡು ಬಂದು, ನಾಲ್ಕು ದಿನ ಉಂಡು ಮಲಗಿ, ಮತ್ತೆ ಕೀಲಿ ಜಡಿದು ಹೋಗುವ ಸ್ವಂತ ಮನೆಗೆ ಹಂಗಾಮಿ ವಿರಾಮಗೃಹವೆಂದು ಹೆಸರು. ಈ ಲಕ್ಷಣದಲ್ಲಿ ಸಮುದ್ರದ ದಂಡೆ ಇರಬೇಕೆಂದಾಗಲಿ, ಬೆಟ್ಟದ ಮಂಜು ಬೇಕೆಂದಾಗಲಿ, ಒಡೆಯನು ಸಿರಿವಂತನಾಗಿರತಕ್ಕದ್ದೆಂದಾಗಲಿ ಎಲ್ಲಿಯೂ ಹೇಳಿಲ್ಲವಾದ್ದರಿಂದ, ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಗಳಲ್ಲಿ, ಮಸೂತಿ ಮತ್ತು ಅದರ ಸುತ್ತಿನ ಹಳ್ಳಿಗಳ ಓಣಿಗಳಲ್ಲಿ, ತಲಬಾಗಿಲಿಗೆ ಕೀಲಿ ಬಿದ್ದಿರುವ ಮನೆಗಳೆಲ್ಲವೂ ವಿರಾಮಗೃಹಗಳೇ ಎಂಬುದು ತರ್ಕದಿಂದ ಸಿದ್ಧವಾಗುತ್ತದೆ. ಇವುಗಳ ಒಡೆಯರು ಗೋವಾದಲ್ಲಿ ಏಳುತ್ತಿರುವ ಕಟ್ಟಡಗಳ ಬುಡದಲ್ಲಿ, ಸಾಂಗಲಿ–ಕೊಲ್ಹಾಪುರ ಕಡೆಯ ಕಬ್ಬಿನ ಫಡಗಳಲ್ಲಿ, ಪುಣೆ, ಮಂಗಳೂರು, ಬೆಂಗಳೂರುಗಳ ತಗಡಿನ ಶೆಡ್ಡುಗಳಲ್ಲಿ ನಿವಾಸ ಮಾಡುತ್ತಿದ್ದು, ಜಾತ್ರೆ, ಯುಗಾದಿ, ಮದುವೆ ಮತ್ತು ಮತದಾನದ ನಿಮಿತ್ತ ವಿರಾಮಗೃಹಕ್ಕೆ ಚಿತ್ತೈಸುತ್ತಾರೆ. ಸಾಮಾನ್ಯರು ಇದನ್ನು ಗುಳೆ ಎಂದೋ, ‘ದುಡಿಯಾಕ ಹೋಗ್ಯಾರ’ ಎಂದೋ ಎರಡು ಮಾತಿನಲ್ಲಿ ಮುಗಿಸಿಬಿಡುವುದುಂಟು; ಶಾಸ್ತ್ರಕ್ಕೆ ಅಷ್ಟು ಒರಟಾದ ಪರಿಭಾಷೆ ಸಲ್ಲದು. ಕಚೇರಿಯ ಕನ್ನಡದಲ್ಲಿ ‘ಹಂಗಾಮಿ’ ಎಂದರೆ ಕಾಯಂ ಅಲ್ಲದ್ದು ಎಂಬ ಇನ್ನೊಂದು ಅರ್ಥವೂ ಇದ್ದು, ಅದು ಮನೆಗೆ ಅನ್ವಯಿಸುತ್ತದೆಯೋ ಮನೆಯವರಿಗೋ ಎಂಬ ಜಿಜ್ಞಾಸೆಯನ್ನು ಇಲ್ಲಿ ಕೈಗೆತ್ತಿಕೊಂಡಿಲ್ಲ.

ಈ ಸೀಮೆಗೆ ವಿರಾಮಗೃಹದ ಪರಂಪರೆ ಹೊಸದಲ್ಲ. ವಿಜಯಪುರದಿಂದ ಸಿಂದಗಿಗೆ ಹೋಗುವ ದಾರಿಯಲ್ಲಿರುವ ಕುಮಟಗಿಯಲ್ಲಿ ಆದಿಲ್‌ಶಾಹಿ ಅರಸರು ಬೇಸಿಗೆ ಕಳೆಯಲೆಂದು ಕೆರೆಯ ನೀರಿನ ನಡುವೆ ಮಂಟಪ ಕಟ್ಟಿಸಿ, ಕೊಳವೆಗಳಲ್ಲಿ ನೀರು ಹರಿಸಿ ಮೇಲಿನಿಂದ ಮಳೆಯಂತೆ ಸುರಿಸಿಕೊಂಡು ತಂಪಾಗಿದ್ದರು. ಕೀಲಿ ಹಾಕದೆ ಹೋದುದರ ಫಲವಾಗಿ ಈಗ ಅಲ್ಲಿ ಗೋಡೆಯ ಚಿತ್ರಗಳೂ ಅರ್ಧ ಹೊರಟುಹೋಗಿವೆ. ಎರಡನೆಯ ಇಬ್ರಾಹಿಂ ಆದಿಲ್‌ಶಾಹನು 1599ರಲ್ಲಿ ತೊರವಿಯ ಬಳಿ ನವರಸಪುರವೆಂಬ ಇಡೀ ಪಟ್ಟಣವನ್ನೇ ಎತ್ತಿಸಲು ತೊಡಗಿದನಾದರೂ, 1624ರಲ್ಲಿ ಮಲಿಕ್ ಅಂಬರನು ಬಂದು ಅದನ್ನು ಕೊಳ್ಳೆಹೊಡೆದನು. ಊರಿನ ಸುತ್ತ ಗೋಡೆ ಪೂರ್ತಿಯಾಗುವ ಮೊದಲೇ ಮನೆ ತುಂಬಿಸಬಾರದೆಂಬ ಸೂತ್ರ ಇದರಿಂದ ಹುಟ್ಟಿತೆಂದು ತಿಳಿಯಬೇಕು. ಭಾರವಾದ ವಸ್ತುವನ್ನು ಯಾರೂ ಒಯ್ಯಲಾರರೆಂಬ ಇನ್ನೊಂದು ಸಿದ್ಧಾಂತಕ್ಕೆ ವಿಜಯಪುರದ ಕೋಟೆಯ ಮೇಲಿನ ಮಲಿಕ್-ಎ-ಮೈದಾನ್ ತೋಪು ಆಧಾರ. 1549ರಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಈ ತೋಪನ್ನು ಕಳ್ಳರು ಮುಟ್ಟಲಿಲ್ಲವೆಂಬುದು ನಿಜ. 1854ರಲ್ಲಿ ಸರಕಾರವೇ ಅದನ್ನು ಹರಾಜಿಗಿಟ್ಟು, 150 ರೂಪಾಯಿಗಿಂತ ಮೇಲಕ್ಕೆ ಯಾರೂ ಕೂಗದಿದ್ದುದರಿಂದ ಅದು ಉಳಿಯಿತು. ಮಸೂತಿ ಸೀಮೆಯಲ್ಲಿ ಇದೇ ನ್ಯಾಯದಂತೆ ಬೀಸುವ ಕಲ್ಲನ್ನೂ ಒರಳನ್ನೂ ಕೀಲಿಯಿಲ್ಲದೆ ಹೊರಗಿನ ಕಟ್ಟೆಯ ಮೇಲೆಯೇ ಬಿಟ್ಟುಹೋಗುವ ಪದ್ಧತಿ ಇದೆ.

ರಕ್ಷಣೆಯನ್ನು ಅರಿಯಬೇಕಾದರೆ ಮೊದಲು ಚೌರ್ಯವನ್ನು ಅರಿಯಬೇಕು. ಮನೆಯ ಗೋಡೆಗೆ ಕಳ್ಳನು ಕೊರೆಯುವ ಕಿಂಡಿಗೆ ‘ಕನ್ನ’ವೆಂದು ಹೆಸರು. ಶೂದ್ರಕನ ‘ಮೃಚ್ಛಕಟಿಕ’ದಲ್ಲಿ ಶರ್ವಿಲಕನೆಂಬ ಕಳ್ಳನು ಚಾರುದತ್ತನ ಗೋಡೆಯ ಮುಂದೆ ನಿಂತು, ಕನ್ನವನ್ನು ಕಮಲದಾಕಾರದಲ್ಲಿ ಕೊರೆಯಬೇಕೋ ಪೂರ್ಣಕುಂಭದ ಆಕಾರದಲ್ಲೋ ಎಂದು ಯೋಚಿಸುವುದಲ್ಲದೆ, ಸುಟ್ಟ ಇಟ್ಟಿಗೆಯನ್ನು ಎಳೆದು ತೆಗೆಯಬೇಕು, ಹಸಿ ಇಟ್ಟಿಗೆಯನ್ನು ಕಡಿಯಬೇಕು, ಮಣ್ಣಿನ ಗೋಡೆಗೆ ನೀರುಣಿಸಬೇಕು, ಮರವನ್ನು ಕೊಯ್ಯಬೇಕು ಎಂದು ನಾಲ್ಕು ವಿಧಿಗಳನ್ನೂ ನೆನೆಯುತ್ತಾನೆ. ಇವುಗಳಲ್ಲಿ ಮೂರನೆಯದು ಮುಂದೆ ಉಪಯೋಗಕ್ಕೆ ಬರುವುದರಿಂದ ಓದುಗರು ನೆನಪಿನಲ್ಲಿಟ್ಟುಕೊಳ್ಳುವುದು. ಕನ್ನಡದಲ್ಲಿಯೂ ಈ ವಿದ್ಯೆಗೆ ಮಾನ್ಯತೆ ಇಲ್ಲದಿಲ್ಲ: ಹನ್ನೆರಡನೆಯ ಶತಮಾನದ ವಚನಕಾರರ ಸಾಲಿನಲ್ಲಿ ಕನ್ನ ಕೊರೆಯುವ ಕಸುಬಿನ ಕನ್ನದ ಮಾರಿತಂದೆಗೂ ಸ್ಥಾನವಿದೆ. ಇನ್ನು ಬಸವಣ್ಣನವರು, ದನ ಕದ್ದೊಯ್ದ ಕಳ್ಳರಿಗೆ, ತಾಯಿಯಿಲ್ಲದೆ ಅರಚುವ ಕರುಗಳನ್ನೂ ಕೊಟ್ಟುಬನ್ನಿರೆಂದರೆಂಬ ಕಥೆಯನ್ನು ಬಾಗೇವಾಡಿಯಲ್ಲಿ ಹುಟ್ಟಿದ ಯಾವ ಮಗುವೂ ಕೇಳದೆ ಬೆಳೆಯುವುದಿಲ್ಲ. ಇಂಥ ನೆಲದಲ್ಲಿ ಭದ್ರತಾಶಾಸ್ತ್ರ ತಡವಾಗಿ ಬೇರೂರಿದ್ದು ಆಶ್ಚರ್ಯವಲ್ಲ.

ಕಾಯಿದೆಯು ಇಷ್ಟು ಉದಾರವಾಗಿಲ್ಲ. 1860ರ ಭಾರತೀಯ ದಂಡ ಸಂಹಿತೆಯ 445ನೆಯ ಕಲಮು ಮನೆ ಒಡೆಯುವುದಕ್ಕೆ ಆರು ಮಾರ್ಗಗಳಿವೆಯೆಂದು ಎಣಿಸಿಕೊಟ್ಟಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ತನ್ನ 330ನೆಯ ಕಲಮಿನಲ್ಲಿ ಆ ಆರನ್ನೂ ಹಾಗೆಯೇ ಉಳಿಸಿಕೊಂಡಿದೆ. ತಾನೇ ಮಾಡಿಕೊಂಡ ಕಿಂಡಿಯಿಂದ ನುಗ್ಗುವುದು, ಮನುಷ್ಯರು ಓಡಾಡದ ಸಂದಿಯಿಂದ ಇಲ್ಲವೆ ಗೋಡೆ ಹತ್ತಿ ಇಳಿಯುವುದು, ಕೀಲಿ ತೆರೆದು ಹೋಗುವುದು ಇತ್ಯಾದಿ. ಉದಾಹರಣೆಗಳೂ ಉಂಟು, ಝಡ್ ಎಂಬವನು ಕಳೆದುಕೊಂಡ ಕೀಲಿಕೈ ಎ ಎಂಬವನಿಗೆ ಸಿಕ್ಕು, ಅವನು ಅದರಿಂದಲೇ ಬಾಗಿಲು ತೆರೆದು ಝಡ್‌ನ ಮನೆಯನ್ನು ಅತಿಕ್ರಮಿಸಿದರೂ ಅದು ಮನೆ ಒಡೆದಂತೆಯೇ ಸರಿ. ಝಡ್‌ನ ಕೀಲಿಕೈ ಕಳೆದುಹೋದದ್ದು ಹೇಗೆ, ಆ ರಾತ್ರಿ ಝಡ್ ಎಲ್ಲಿ ಮಲಗಿದ ಎಂಬುದನ್ನು ಮಾತ್ರ ನೂರಾ ಅರವತ್ತು ವರ್ಷಗಳಿಂದ ಯಾರೂ ವಿಚಾರಿಸಿಲ್ಲ.

ಈಗ ಉಪಕರಣಕ್ಕೆ ಬರುವುದಾದರೆ, ದಕ್ಷಿಣದವರು ಬೀಗವೆನ್ನುವುದನ್ನು ಈ ಭಾಗದವರು ಕೀಲಿಯೆನ್ನುತ್ತಾರೆ, ಅವರ ಬೀಗದಕೈ ಇಲ್ಲಿ ಕೀಲಿಕೈ. ಕೀಲಿಯು ಕೊಂಡಿಗೂ, ಕೊಂಡಿಯು ಚೌಕಟ್ಟಿಗೂ, ಚೌಕಟ್ಟು ಕಲ್ಲುಮಣ್ಣಿನ ಗೋಡೆಗೂ ಅಂಟಿಕೊಂಡಿರುವುದರಿಂದ, ಹಿತ್ತಾಳೆಯ ಕೀಲಿ ಎಷ್ಟೇ ಬಲವಾಗಿದ್ದರೂ ಅದರ ಬಲ ಕೊಂಡಿಯ ಎರಡು ಮೊಳೆಗಳ ಬಲದಷ್ಟೇ ಆಗಿರುತ್ತದೆ. ಆ ಮೊಳೆಗಳು ಅಜ್ಜನ ಕಾಲದವು. ಮೂರು ತಿಂಗಳು ತೆರೆಯದೆ ಬಿಟ್ಟ ಕೀಲಿಯ ಕಂಡಿಯಲ್ಲಿ ಮಣ್ಣುಗೂಡಿನ ಕಣಜವು ಕೆಸರು ತುಂಬಿ ಮೊಟ್ಟೆಯಿಡುವುದುಂಟು. ಇದನ್ನು ಶಾಸ್ತ್ರದಲ್ಲಿ ದ್ವಿತೀಯ ಕೀಲಿಯೆಂದು ಕರೆಯಬಹುದು, ಮತ್ತು ಮೊದಲನೆಯದಕ್ಕಿಂತ ಇದು ಹೆಚ್ಚು ಪರಿಣಾಮಕಾರಿ. ಬಾಗಿಲಿಗೆ ಕಟ್ಟುವ ನಿಂಬೆಹಣ್ಣು–ಮೆಣಸಿನಕಾಯಿಯನ್ನೂ ಕೆಲವರು ಉಪಕರಣಗಳಲ್ಲಿ ಸೇರಿಸುತ್ತಾರೆ; ಇಂಡಿಯ ನಿಂಬೆಗೆ ಭೌಗೋಳಿಕ ಸೂಚಕದ ಮನ್ನಣೆಯೇ ದೊರೆತಿರುವುದರಿಂದ, ಈ ಜಿಲ್ಲೆಯವರು ಕಟ್ಟುವ ನಿಂಬೆಗೆ ಉಳಿದ ಜಿಲ್ಲೆಗಳ ನಿಂಬೆಗಿಂತ ಹೆಚ್ಚಿನ ಅಧಿಕಾರ ಇರಲೇಬೇಕು.

ಕೀಲಿಯ ಒಳಗೆ ಏನಿದೆ ಎಂಬುದು ಮುಂದಿನ ಪ್ರಶ್ನೆ. ಬಂಗಾರದ ಬೋರಮಾಳ ಸರ ಒಳಗಿಲ್ಲ. ಬಿತ್ತನೆಯ ಕಾಲಕ್ಕೇ ಅದು ಅಡವು ಸೇರಿದೆ. ಒತ್ತೆಯಿಟ್ಟ ಒಡವೆಗೆ ಲೋಹದ ಪೆಟ್ಟಿಗೆ, ಕಾವಲುಗಾರ, ಕ್ಯಾಮೆರಾ ಎಲ್ಲವೂ ಲಭಿಸುವುದರಿಂದ, ಗುಳೆ ಹೋಗುವ ಕುಟುಂಬಕ್ಕೆ ಅಡವಿನ ಅಂಗಡಿಗಿಂತ ಭದ್ರವಾದ ಕೋಣೆ ಬೇರೊಂದಿಲ್ಲವೆಂದೂ, ಬಡ್ಡಿಯು ಆ ಕೋಣೆಯ ಬಾಡಿಗೆಯೆಂದೂ ಪರಿಗಣಿಸತಕ್ಕದ್ದು. ಎತ್ತುಗಳನ್ನು ಮಾರಿಯಾಗಿದೆ ಅಥವಾ ಬೀಗರ ಊರಿಗೆ ಕಳಿಸಿಯಾಗಿದೆ. ಟೀವಿ ಬಾಜೂ ಮನೆಯಲ್ಲಿದೆ. ಪಡಿತರ ಚೀಟಿ, ಆಧಾರ್, ಪಾಸ್‌ಬುಕ್ಕು, ಹೊಲದ ಉತಾರ (ಎಂದರೆ ಯಾರ ಹೊಲ, ಎಷ್ಟು ಎಕರೆ, ಯಾವ ಸಾಲ ಎಂದು ಸರಕಾರ ಬರೆದುಕೊಡುವ ಕಾಗದ) ಇವೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಒಡೆಯನ ಜೊತೆಗೇ ಬಸ್ಸು ಹತ್ತಿವೆ. ಉಳಿದದ್ದು ಒಂದು ಟ್ರಂಕು, ಎರಡು ಕೊಡ, ದೇವರ ಜಗಲಿ, ಗೋಡೆಯ ಮೇಲೆ ತೀರಿಹೋದ ಹಿರಿಯರ ಪಟ. ಹೀಗಿದ್ದೂ ಕೀಲಿ ಹಾಕುವುದೇಕೆಂದರೆ, ಆ ಪ್ಲಾಸ್ಟಿಕ್ ಚೀಲದ ಕಾಗದಗಳಲ್ಲೆಲ್ಲ ‘ವಾಸಸ್ಥಳ’ ಎಂಬ ಕಲಮಿನ ಮುಂದೆ ಬರೆದಿರುವುದು ಈ ಮನೆಯೇ ಆದ್ದರಿಂದ. ಶೆಡ್ಡಿಗೆ ಪತ್ತೆಯಿಲ್ಲ, ಫಡಕ್ಕೆ ಪತ್ತೆಯಿಲ್ಲ. ಕೀಲಿ ಬಿದ್ದಿರುವುದು ವಿಳಾಸಕ್ಕೆ; ಟ್ರಂಕು ಅದರ ಜೊತೆಗೆ ಆನುಷಂಗಿಕವಾಗಿ ಒಳಗೆ ಸಿಕ್ಕಿಕೊಂಡಿದೆ.

ಪಾಶ್ಚಾತ್ಯ ಪಂಡಿತರು ಹೇಳುವ ಉಪಾಯಗಳನ್ನು ಇಲ್ಲಿ ಪರೀಕ್ಷಿಸಲಾಗಿ ಹೆಚ್ಚಿನವು ನಿಲ್ಲಲಿಲ್ಲ. ಮನೆಯಲ್ಲಿ ಜನರಿದ್ದಾರೆಂಬ ಭ್ರಮೆ ಹುಟ್ಟಿಸಲು ದೀಪವನ್ನು ಗಡಿಯಾರಕ್ಕೆ ಜೋಡಿಸಿ ಸಂಜೆ ತಾನಾಗಿ ಹೊತ್ತಿಕೊಳ್ಳುವಂತೆ ಮಾಡಬೇಕೆಂಬುದು ಒಂದು ಉಪಾಯ. 2,400 ಮೆಗಾವ್ಯಾಟ್ ಸಾಮರ್ಥ್ಯದ ಕೂಡಗಿ ಸ್ಥಾವರದ ನೆರಳಿನಲ್ಲಿರುವ ಊರುಗಳಿಗೆ ಒಂದು ಬಲ್ಬು ಭಾರವಲ್ಲ. ಆದರೆ ಗೃಹಜ್ಯೋತಿಯ ಉಚಿತ ಯೂನಿಟ್ಟುಗಳನ್ನು ಹಿಂದಿನ ಬಳಕೆಯ ಸರಾಸರಿಯ ಮೇಲೆ ಲೆಕ್ಕ ಹಾಕುವುದರಿಂದ, ಯಾರೂ ಇಲ್ಲದ ಮನೆಯ ಸರಾಸರಿಗೆ ಭ್ರಮೆಯ ಬಲ್ಬಿನ ಖರ್ಚು ಹೊಂದಿಕೆಯಾಗುವುದಿಲ್ಲ. ಬಾಗಿಲಲ್ಲಿ ದಿನಪತ್ರಿಕೆಗಳು ರಾಶಿ ಬೀಳದಂತೆ ನೋಡಿಕೊಳ್ಳಬೇಕೆಂಬ ಎಚ್ಚರಿಕೆ ಪತ್ರಿಕೆ ಬಾರದ ಓಣಿಯಲ್ಲಿ ಅನಗತ್ಯ. ಕ್ಯಾಮೆರಾದ ಬಗ್ಗೆ ಹೇಳುವುದೇನೂ ಇಲ್ಲ.

ದೇಶೀ ಪದ್ಧತಿ ಇದಕ್ಕಿಂತ ಸೂಕ್ಷ್ಮವಾದದ್ದು. ಇಲ್ಲಿ ಮನೆಯ ಜೀವಂತಿಕೆಯ ಗುರುತು ದೀಪವಲ್ಲ, ಥಳಿ. ಥಳಿ ಹೊಡೆಯುವುದೆಂದರೆ ಬೆಳಗಿನ ಜಾವ ಅಂಗಳ ಗುಡಿಸಿ ಸೆಗಣಿ ನೀರು ಚಿಮುಕಿಸಿ ರಂಗೋಲಿಯ ಎರಡು ಎಳೆ ಎಳೆಯುವುದು. ಥಳಿ ಬೀಳದ ಅಂಗಳವು ‘ಒಳಗೆ ಯಾರೂ ಇಲ್ಲ’ ಎಂದು ದಾರಿಹೋಕರಿಗೆಲ್ಲ ಓದಿ ಹೇಳುವುದರಿಂದ, ಹೋಗುವವರು ಬಾಜೂ ಮನೆಯ ಸೊಸೆಗೆ ಹಬ್ಬ–ಅಮಾವಾಸ್ಯೆಗಾದರೂ ತಮ್ಮ ಅಂಗಳಕ್ಕೊಂದು ತಂಬಿಗೆ ನೀರು ಚೆಲ್ಲಲು ಹೇಳಿಹೋಗುತ್ತಾರೆ. ಆಕೆ ತನ್ನ ಅಂಗಳದ ರಂಗೋಲಿಯನ್ನು ಮುಗಿಸಿ, ಕೈಯಲ್ಲುಳಿದ ಪುಡಿಯಿಂದ ಇವರ ಹೊಸ್ತಿಲ ಮುಂದೆ ಒಂದು ಗೆರೆ ಎಳೆಯುತ್ತಾಳೆ. ಈ ಗೆರೆಯನ್ನು ದಾಟಿ ಕಳ್ಳನು ಬಂದದ್ದು ಕೇಳಿಬಂದಿಲ್ಲ. ದಾಟಿ ಬಂದರೆ ಸಿಗುವುದೇನೆಂಬುದು ಹಿಂದಿನ ಖಂಡದಲ್ಲಿ ನಿರೂಪಿತವಾಗಿದೆ.

ಥಳಿಗಿಂತ ಮೇಲಿನ ರಕ್ಷಣೆ ಆಯಿ. ಮಕ್ಕಳ ಸಾಲಿ ತಪ್ಪಬಾರದೆಂದು ಊರಲ್ಲಿ ಬಿಟ್ಟುಹೋದ ಅಜ್ಜಿಗೆ ಈ ಸೀಮೆಯಲ್ಲಿ ಹಾಗೆ ಹೆಸರು. ಆಯಿ ಇದ್ದ ಮನೆಗೆ ಕೀಲಿಯೇ ಬೇಡವಾದ್ದರಿಂದ ಆಕೆ ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲವೆಂಬ ಆಕ್ಷೇಪವಿದೆ. ಅದಕ್ಕೆ ಸಮಾಧಾನವೇನೆಂದರೆ, ಓಣಿಯೊಂದರಲ್ಲಿ ಆರು ಮನೆಗೆ ಕೀಲಿ ಬಿದ್ದು ಏಳನೆಯದರಲ್ಲಿ ಆಯಿ ಇದ್ದರೆ ಆಕೆಯ ಸೆರಗಿನ ಗಂಟಿನಲ್ಲಿ ಆರು ಕೀಲಿಕೈಗಳಿರುತ್ತವೆ, ಆರೂ ಒಂದೇ ಥರ ಕಾಣುತ್ತವೆ, ಯಾವುದು ಯಾರದ್ದೆಂಬುದು ಆಕೆಗೆ ಮಾತ್ರ ಗೊತ್ತು. ಏಳಕ್ಕೆ ಒಬ್ಬರೆಂಬ ಈ ಪ್ರಮಾಣಕ್ಕೆ ದೈವದ ಸಮ್ಮತಿಯೂ ಉಂಟು: ಆಲಮಟ್ಟಿಯ ಬಳಿಯ ಯಲಗೂರಿನ ಹನುಮಂತನು ಏಳು ಊರುಗಳ ದೇವರಾದ್ದರಿಂದ ಊರಿಗೆ ಆ ಹೆಸರು ಬಂತೆಂದು ಹೇಳುವವರು ಆ ಏಳರಲ್ಲಿ ಮಸೂತಿಯನ್ನೂ ಎಣಿಸುತ್ತಾರೆ. ಹನುಮಂತನಿಗೆ ಇರುವ ಅನುಕೂಲವೆಂದರೆ ಮಂಡಿನೋವಿಲ್ಲ. ಆಯಿ ಕಟ್ಟೆ ಬಿಟ್ಟು ಏಳಲಾರಳು. ಆದರೆ ಓಣಿಗೆ ಬಂದ ಹೊಸ ಮುಖವನ್ನು ‘ಯಾವೂರಪಾ ನಿಂದು, ಯಾರ ಮಗಾ?’ ಎಂದು ತಡೆದು, ಮೂರು ತಲೆಮಾರಿನ ವಿವರ ಪಡೆಯದೆ ಬಿಡುವುದಿಲ್ಲ. ಇಂಥ ವಿಚಾರಣೆಯನ್ನು ಎದುರಿಸಿ ಕನ್ನ ಕೊರೆಯುವ ಧೈರ್ಯ ಶರ್ವಿಲಕನಿಗೂ ಇರಲಾರದು.

ಆಯಿಯ ವಿಚಾರಣೆಗೆ ಸಿಗದ ಕಳ್ಳ ಒಬ್ಬನಿದ್ದಾನೆ, ಅವನು ಮಳೆ. ಮಣ್ಣಿನ ಗೋಡೆಗೆ ನೀರುಣಿಸಬೇಕೆಂಬ ಮೂರನೆಯ ವಿಧಿಯನ್ನು ಅವನು ತಪ್ಪದೆ ಪಾಲಿಸುತ್ತಾನೆ. ಮಣ್ಣಿನ ಮಾಳಿಗೆಯ ಮೇಲೆ ವರ್ಷಕ್ಕೊಮ್ಮೆ ಹೊಸ ಮಣ್ಣು ಹೊಯ್ದು ಹದಗೊಳಿಸಬೇಕು, ಮಳೆ ಬಿದ್ದಾಗ ಮೇಲೆ ಹತ್ತಿ ಬಿರುಕು ತುಳಿಯಬೇಕು, ಬೆಳಕಿಂಡಿಗೆ ಕಲ್ಲು ಮುಚ್ಚಬೇಕು. ಇದಕ್ಕೆಲ್ಲ ಮನುಷ್ಯನ ಕಾಲು ಬೇಕೇ ಹೊರತು ಕೀಲಿಯಲ್ಲ. ಕಬ್ಬಿಗೆ ಹೋದವರು ಯುಗಾದಿಯ ಸುಮಾರಿಗೆ ಬಂದು ಮಾಳಿಗೆ ನೋಡಿಕೊಳ್ಳಬಹುದು. ಗೋವಾಕ್ಕೆ ಹೋದವರ ಮಾಳಿಗೆ ಒಂದು ಮಳೆಗಾಲ ತಾಳುತ್ತದೆ, ಎರಡನೆಯದಕ್ಕೆ ಜಂತಿ ಬಾಗುತ್ತದೆ, ಮೂರನೆಯದಕ್ಕೆ ಮೇಲ್ಮಣ್ಣು ಒಳಗೆ ಬಂದು ಟ್ರಂಕಿನ ಮೇಲೆ ಕೂರುತ್ತದೆ. ತಲಬಾಗಿಲಿನ ಕೀಲಿ ಆಗಲೂ ಭದ್ರವಾಗಿಯೇ ಇರುತ್ತದೆ.

ನೀರಿನ ಇನ್ನೊಂದು ಅವತಾರವನ್ನು ಆಲಮಟ್ಟಿಯಲ್ಲಿ ಕಾಣಬಹುದು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟು, 2006ರಲ್ಲಿ ಲೋಕಾರ್ಪಣೆಗೊಂಡ ಕೃಷ್ಣೆಯ ಈ ಜಲಾಶಯದ ಹಿನ್ನೀರಿಗೆ ಹಳೆಯ ಕೊಲ್ಹಾರವೂ ಸೇರಿ ಎಷ್ಟೋ ಊರುಗಳು ಒಳಗಾದವು. ಅಲ್ಲಿಯ ಜನ ಕೀಲಿ ಹಾಕಿ ಹೋಗಲಿಲ್ಲ. ಬಾಗಿಲು, ಚೌಕಟ್ಟು, ತೊಲೆ, ಜಂತಿಗಳನ್ನೇ ಕಿತ್ತು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಪುನರ್ವಸತಿ ಕೇಂದ್ರಕ್ಕೆ ನಡೆದರು. ಮನೆಯನ್ನು ಬಿಟ್ಟು ಬಾಗಿಲನ್ನು ಕಾಪಾಡುವ ಈ ವಿಧಾನ ಶಾಸ್ತ್ರಗ್ರಂಥಗಳಲ್ಲಿ ದಾಖಲಾಗಿಲ್ಲವಾದರೂ ಗಮನಾರ್ಹ. ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ಪಾಯಗಳು ಕಾಣಿಸಿಕೊಂಡು, ಮುಂಗಾರಿಗೆ ಮತ್ತೆ ಮುಳುಗುವುದುಂಟು. ಉಳಿದ ಕಡೆ ಒಡೆಯನು ಹಂಗಾಮು ನೋಡಿ ಮನೆಗೆ ಬರುತ್ತಾನೆ. ಇಲ್ಲಿ ಮನೆಯೇ ಹಂಗಾಮು ನೋಡಿ ಒಡೆಯನಿಗೆ ಕಾಣಿಸಿಕೊಳ್ಳುವುದರಿಂದ, ಹಂಗಾಮಿ ಮನೆಯೆಂಬ ಹೆಸರು ಪೂರ್ಣಾರ್ಥದಲ್ಲಿ ಸಲ್ಲುವುದು ಇವಕ್ಕೆ ಮಾತ್ರ.

ಕೊನೆಯದಾಗಿ ಒಡೆಯನ ಆಗಮನ. ಕೀಲಿಕೈಯನ್ನು ಆಯಿಗೆ ಒಪ್ಪಿಸದೆ ತಾನೇ ಉಡುದಾರಕ್ಕೆ ಕಟ್ಟಿಕೊಂಡು ಹೋದವನು ಅದನ್ನು ಕಬ್ಬಿನ ಫಡದಲ್ಲೋ ಕಾಂಕ್ರೀಟಿನಲ್ಲೋ ಬೀಳಿಸಿಕೊಂಡಿರುತ್ತಾನೆ, ಮತ್ತು ಜಾತ್ರೆಯ ಹಿಂದಿನ ರಾತ್ರಿ ಕಡೆಯ ಬಸ್ಸಿಗೆ ಹೆಂಡತಿ, ಮಕ್ಕಳು, ಗಂಟುಮೂಟೆಗಳೊಡನೆ ಬಂದಿಳಿಯುತ್ತಾನೆ. ಕೀಲಿಗೆ ಕುಸುಬಿ ಎಣ್ಣೆ ಬಿಟ್ಟು ಬೇರೆ ಕೀಲಿಕೈಗಳನ್ನು ತಿರುವಿ ನೋಡುತ್ತಾನೆ, ಕಡ್ಡಿಯಿಂದ ಕಣಜದ ಕೆಸರು ಕೆದರುತ್ತಾನೆ, ಬಳಿಕ ಕಟ್ಟೆಯ ಪಕ್ಕದ ಒಂದು ಕಲ್ಲು ಎತ್ತಿಕೊಳ್ಳುತ್ತಾನೆ. ಸೂರ್ಯಾಸ್ತದ ನಂತರ, ಕೀಲಿ ಮುರಿದು, ಮುಚ್ಚಿದ ಬಾಗಿಲನ್ನು ನೂಕಿ ಒಳಹೋಗುವ ಈ ಕ್ರಿಯೆಯಲ್ಲಿ ಸಂಹಿತೆಯ ಆರು ಮಾರ್ಗಗಳಲ್ಲಿ ಒಂದೆರಡಾದರೂ ಕೂಡಿಬರುತ್ತವೆ. ತನ್ನದೇ ಮನೆಯಾದ ಕಾರಣ ಅಪರಾಧವಾಗುವುದಿಲ್ಲ ಅಷ್ಟೆ. ಎರಡನೆಯ ಪೆಟ್ಟಿಗೆ ಓಣಿಯ ನಾಯಿಗಳು ಬೊಗಳುತ್ತವೆ. ಮೂರನೆಯದಕ್ಕೆ ಎದುರಿನ ಕತ್ತಲೆಯಿಂದ, ಒಂದು ವರ್ಷ ಕೆಲಸವಿಲ್ಲದೆ ಕುಳಿತಿದ್ದ ರಕ್ಷಣಾ ವ್ಯವಸ್ಥೆ ಎಚ್ಚೆತ್ತು, ‘ಯಾರಪಾ ಅಂವಾ, ಯಾರ ಮಗಾ?’ ಎಂದು ಕೂಗುತ್ತದೆ.